ಬ್ರೆಡ್ ಅಚ್ಚಿನ ದೀಪ

ಬನ್ನಣ್ಣನ ನಿದ್ದೆಗೆ ಸಂಚಕಾರ ಬಂದದ್ದು ಒಂದು ದೀಪದಿಂದ. ಅಂತಿಂಥ ದೀಪವಲ್ಲ. ವಠಾರದ ಅಂಗಳಕ್ಕೆಂದು ಎದುರುಗೋಡೆಗೆ ಹೊಸದಾಗಿ ಜಡಿದಿದ್ದ ಫ್ಲಡ್‌ಲೈಟು. ಸಂಜೆ ಆರೂವರೆಗೆ ಅದು ಕಣ್ಣು ಬಿಟ್ಟರೆ ಅಂಗಳಕ್ಕೆ ಬೀಳುತ್ತಿದ್ದ ಬೆಳಕು ನಾಲ್ಕಾಣೆ. ಉಳಿದ ಹನ್ನೆರಡಾಣೆ ನೇರವಾಗಿ ಮೊದಲ ಮಹಡಿಯ ಬನ್ನಣ್ಣನ ಮಲಗುವ ಕೋಣೆಗೆ.

ಅವನ ನಿಜವಾದ ಹೆಸರು ವಠಾರದಲ್ಲಿ ಯಾರಿಗೂ ನೆನಪಿರಲಿಲ್ಲ. ಹದಿನಾರು ವರ್ಷದಿಂದ ಬೇಕರಿಯ ಒಲೆಯ ಮುಂದೆ ನಿಂತು ಬನ್ನು ಬೇಯಿಸುತ್ತಿದ್ದ, ಹಾಗಾಗಿ ಬನ್ನಣ್ಣ. ಬೆಳಗಿನ ಜಾವ ಮೂರಕ್ಕೆ ಒಲೆ ಹೊತ್ತಿಸಬೇಕಾದವನು ರಾತ್ರಿ ಎಂಟಕ್ಕೇ ಮಲಗಬೇಕು. ಹಗಲು ಮಲಗೋಣವೆಂದರೆ ಮೇಲ್ಮನೆಯ ಟೈಲರಕ್ಕನ ಮಿಷನ್ನು ಅವನ ನೆತ್ತಿಯ ಮೇಲೇ ಹೊಲಿಗೆ ಹಾಕುತ್ತಿತ್ತು. ಕಿಟಕಿಗೆ ಪರದೆ ಎಳೆದರೆ ಗಾಳಿಯಿಲ್ಲದೆ ಕೋಣೆ ಬೇಕರಿಯ ಒಲೆಯೇ ಆಗುತ್ತಿತ್ತು. ಅರ್ಧ ರಾತ್ರಿ ಬನ್ನು ಬೇಯಿಸುವವನು ಉಳಿದರ್ಧ ರಾತ್ರಿ ತಾನೇ ಬೇಯಲು ಒಪ್ಪಲಿಲ್ಲ.

ಹೆಂಡತಿಗೆ ಈ ತಾಪತ್ರಯವೇ ಇರಲಿಲ್ಲ. ತಲೆ ದಿಂಬಿಗೆ ತಾಗಿದರೆ ಆಕೆ ಈ ಲೋಕದವಳಲ್ಲ.

"ಕಣ್ಣು ಮುಚ್ಕೊಂಡ್ರೆ ಕತ್ತಲೇ ಅಲ್ವೇನ್ರೀ?" ಎನ್ನುತ್ತಿದ್ದಳು.

"ರೆಪ್ಪೆ ತೂರ್ಕೊಂಡು ಬರ್ತಿದೆ ಕಣೇ ಅದು."

"ಹಾಗಾದ್ರೆ ನಿಮ್ಮ ರೆಪ್ಪೆ ತೆಳು," ಎಂದು ಮಗ್ಗುಲಾದಳೆಂದರೆ ಮುಗಿಯಿತು.

ಹೀಗೆ ಒಂಬತ್ತು ರಾತ್ರಿ ಕಳೆದವು. ಹತ್ತನೆಯ ಬೆಳಿಗ್ಗೆ ಬನ್ನಣ್ಣ ತೂಕಡಿಸುತ್ತಲೇ ಹಿಟ್ಟು ಕಲಸಿದ. ಸಕ್ಕರೆಯ ಡಬ್ಬಕ್ಕೂ ಉಪ್ಪಿನ ಡಬ್ಬಕ್ಕೂ ನಡುವೆ ಒಂದೇ ಮೊಳ ದೂರ. ಬನ್ನುಗಳು ಉಬ್ಬಿದವು, ಕೆಂಪಾದವು, ನೋಡಲು ಚೆಂದವಾಗಿಯೇ ಇದ್ದವು. ಬೇಕರಿಯ ಯಜಮಾನರು ಒಂದನ್ನು ಮುರಿದು ಬಾಯಿಗಿಟ್ಟುಕೊಂಡರು. ಅವರ ಹುಬ್ಬು ಹಣೆಯ ಮೇಲೇರಿತು.

"ಏನಯ್ಯಾ ಇದು? ಬನ್ನೋ, ಸಮುದ್ರಾನೋ?"

"ನಿದ್ದೆ ಇಲ್ಲ ಯಜಮಾನ್ರೇ. ದೀಪ..."

"ದೀಪಾನೂ ಇಲ್ಲ, ಧೂಪಾನೂ ಇಲ್ಲ. ನಾಳೆ ಶಾಲೆಗೆ ಮುನ್ನೂರು ಬನ್ ಹೋಗ್ಬೇಕು. ಅದಕ್ಕೆ ಉಪ್ಪು ಬಿತ್ತೋ, ಒಲೆ ಬಿಟ್ಟು ಸೈಕಲ್ ಹತ್ತು. ಮನೆಮನೆಗೆ ಬ್ರೆಡ್ ಹಂಚು. ಇವತ್ತು ಎಂಟಕ್ಕೆ ಮಲಗು. ಎಂಟೂವರೆಗೆ ನಿನ್ನ ಮನೆ ಮುಂದೆ ಬಂದು ನಿಂತ್ಕೋತೀನಿ. ಗೊರಕೆ ಕೇಳಿಸ್ಬೇಕು ನಂಗೆ!"

ಆ ಒಲೆಯೆಂದರೆ ಬನ್ನಣ್ಣನಿಗೆ ಜೀವ. ಬನ್ನಿನ ಬೆನ್ನು ಯಾವಾಗ ಕೆಂಪಾಯಿತೆಂದು ಬಾಗಿಲು ತೆಗೆಯದೆ ವಾಸನೆಯಲ್ಲೇ ಹೇಳಬಲ್ಲವನು ಅವನು. ಅದನ್ನು ಬಿಟ್ಟು ಸೈಕಲ್ಲಂತೆ! ಅಷ್ಟಕ್ಕೂ ಅವನಿಗೆ ಸೈಕಲ್ ಬರುತ್ತಿರಲಿಲ್ಲ.

ಬೇಕರಿಯ ಹಿಂದೆ ಗುಜರಿ ಸಾಮಾನಿನ ರಾಶಿಯಲ್ಲಿ ಹಳೆಯದೊಂದು ಬ್ರೆಡ್ ಅಚ್ಚು ಬಿದ್ದಿತ್ತು. ಉದ್ದನೆಯ ತಗಡಿನ ಪೆಟ್ಟಿಗೆ, ಒಂದು ಮೂಲೆ ನೆಗ್ಗಿದೆ. ಅದನ್ನು ಕಂಡೊಡನೆ ಬನ್ನಣ್ಣನ ತಲೆಯಲ್ಲಿ ಏನೋ ಹೊಳೆಯಿತು. ಕಂಕುಳಲ್ಲಿ ಇರುಕಿಕೊಂಡು ಮನೆಯ ಹಾದಿ ಹಿಡಿದ.

ವಠಾರದಲ್ಲಿ ಕಾರ್ಯದರ್ಶಿಗಳ ಅಪ್ಪಣೆಯಿಲ್ಲದೆ ಹುಲ್ಲುಕಡ್ಡಿ ಅಲ್ಲಾಡುವಂತಿಲ್ಲ. ಕಚೇರಿಯಿಂದ ನಿವೃತ್ತರಾದರೂ ಫೈಲಿನಿಂದ ನಿವೃತ್ತರಾಗದ ಮನುಷ್ಯ ಅವರು. ಬನ್ನಣ್ಣ ದೂರು ಹೇಳಿ ಮುಗಿಸುವಷ್ಟರಲ್ಲಿ ಅವರ ಕೈಯಲ್ಲಿ ಒಂದು ಹಾಳೆ ಬಂದಿತ್ತು.

"ದೀಪ ಹಾಕ್ಸಿದ್ದೇ ನಿಮ್ಮ ಬೇಡಿಕೆ ಮೇಲೆ ಕಣ್ರೀ. 'ಅಂಗಳಕ್ಕೆ ಪ್ರಖರವಾದ ದೀಪ ಬೇಕು.' ನೋಡಿ, ಮೊದಲ ಸಹಿ ಯಾರದು?"

ತನ್ನದೇ! ಬನ್ನಣ್ಣನಿಗೆ ಮಂಜು ಮಂಜಾಗಿ ನೆನಪಾಯಿತು. ಎರಡು ತಿಂಗಳ ಹಿಂದೆ, ರಾತ್ರಿ ಒಂಬತ್ತಕ್ಕೆ, ಯಾರೋ ಬಾಗಿಲು ಬಡಿದಿದ್ದರು. ಗ್ಯಾಸ್ ಸಿಲಿಂಡರಿನ ರಸೀದಿಯೆಂದುಕೊಂಡು, ಕಣ್ಣು ತೆರೆಯದೆಯೇ ಸಹಿ ಗೀಚಿ ಮತ್ತೆ ಮಲಗಿದ್ದ.

"ಓದ್ದೇ ಸಹಿ ಹಾಕಬಾರದು ಬನ್ನಣ್ಣಾ," ಎಂದರು ಕಾರ್ಯದರ್ಶಿಗಳು ಅಕ್ಕರೆಯಿಂದ. "ಈಗ ಅದನ್ನ ತೆಗೆಯೋ ಹಾಗಿಲ್ಲ, ಆರಿಸೋ ಹಾಗಿಲ್ಲ. ಮರೆ ಕಟ್ಟಬಾರದು ಅಂತ ಮಾತ್ರ ಎಲ್ಲೂ ಬರ್ದಿಲ್ಲ."

ಬನ್ನಣ್ಣನಿಗೆ ಅಷ್ಟು ಸಾಕಾಗಿತ್ತು. ಅಚ್ಚಿನ ಒಂದು ಮಗ್ಗುಲನ್ನು ಕತ್ತರಿಸಿ ತೆಗೆದ. ಏಣಿ ಇಟ್ಟ. ಮುಂಜಾಗ್ರತೆ ಇರಲೆಂದು ಮೇನ್ ಸ್ವಿಚ್ಚನ್ನು ಕೆಳಗೆಳೆದ. ಮಾಡಿದ ತಪ್ಪು ಅದೇ. ಕರೆಂಟು ಹೋದರೆ ವಠಾರದಲ್ಲಿ ಯಾರೂ ಒಳಗೆ ಕೂರುವುದಿಲ್ಲ.

"ಯಾರ್ರೀ ಅದು? ಅರ್ಧ ತೋಳಲ್ಲಿ ಮಿಷನ್ ನಿಂತೋಯ್ತು!" ಟೈಲರಕ್ಕ ಕೊರಳಿಗೆ ಟೇಪು ನೇತುಹಾಕಿಕೊಂಡೇ ಇಳಿದು ಬಂದಳು. ಹೊಲಿದ ಬಟ್ಟೆಯನ್ನು ಸೈಕಲ್ಲಿನಲ್ಲಿ ತಾನೇ ಮನೆಮನೆಗೆ ಮುಟ್ಟಿಸಿ ಬರುವ ಗಟ್ಟಿಗಿತ್ತಿ. ಏಣಿಯ ಮೇಲೆ ಬನ್ನಣ್ಣನನ್ನು ಕಂಡು ಅವಳ ಸಿಟ್ಟು ಕುತೂಹಲವಾಯಿತು. "ಅಲ್ಲಪ್ಪಾ, ದೀಪಕ್ಕೆ ಬ್ರೆಡ್ ತಿನ್ನಿಸ್ತಿದ್ದೀಯಾ?"

ಅವಳ ಹಿಂದೆಯೇ ಹಾರ್ಮೋನಿಯಂ ಮೇಷ್ಟ್ರು ಬಂದರು. ಮನೆಯೊಳಗೆ ಹಾರ್ಮೋನಿಯಂ ಪೆಟ್ಟಿಗೆ ತೆರೆದರೆ ಒಲೆ ಹಚ್ಚುವುದಿಲ್ಲವೆಂದು ಹೆಂಡತಿ ಒಂದು ವರ್ಷದ ಹಿಂದೆ ಘೋಷಿಸಿದ್ದರಿಂದ, ಪಾಪ, ಅವರ ಬೆರಳು ಸದಾ ಗಾಳಿಯಲ್ಲೇ ಆಡುತ್ತಿದ್ದವು.

"ಒಳ್ಳೇ ಕೆಲಸ ಮಾಡ್ತಿದ್ದೀಯ ಬನ್ನಣ್ಣಾ. ನಿನ್ನ ಕಿಟಕಿ ಕೆಳಗಿನ ಕಟ್ಟೆ ಮೇಲೆ ಕೂತ್ಕೊಳ್ಳೋಣ ಅಂತ ಎಷ್ಟು ಸಲ ಅಂದ್ಕೊಂಡೆ. ಮೊದ್ಲು ಕತ್ತಲು, ಬೆರಳೇ ಕಾಣ್ತಿರ್ಲಿಲ್ಲ. ಈಗ ಈ ಬೆಳಕು, ಕಣ್ಣೇ ಕಾಣಲ್ಲ."

ಮೇನ್ ಸ್ವಿಚ್ಚು ಮೇಲೆ ಹೋಯಿತು. ಆದರೆ ದೀಪದ ತಲೆಯನ್ನು ಎಷ್ಟು ಬಗ್ಗಿಸಬೇಕೆಂದು ತಿಳಿಯಲು ಅದು ಉರಿಯಬೇಕು. ಹಗಲಲ್ಲಿ ಅದು ಉರಿಯುವುದಿಲ್ಲ. ಅದರ ಗದ್ದದ ಕೆಳಗೊಂದು ಪುಟ್ಟ ಗಾಜಿನ ಕಣ್ಣು. ಕತ್ತಲು ಕಂಡರೆ ಹೊತ್ತಿಸುತ್ತದೆ, ಬೆಳಕು ಕಂಡರೆ ಆರಿಸುತ್ತದೆ. ಬನ್ನಣ್ಣ ಒಂದು ಕಾಲುಚೀಲ ಕಳಚಿ ಆ ಕಣ್ಣಿಗೆ ತೊಡಿಸಿದ. ದೀಪ ಝಗ್ಗನೆ ಹೊತ್ತಿ, ಒಂದು ಗೇಣು ದೂರದಲ್ಲಿದ್ದ ಅವನ ಮುಖಕ್ಕೇ ಹೊಡೆಯಿತು. ಮುಂದಿನ ಐದು ನಿಮಿಷ ಅವನಿಗೆ ಲೋಕವೆಲ್ಲ ನೇರಳೆ ಬಣ್ಣದ ಬನ್ನುಗಳಾಗಿ ಕಂಡಿತು.

ಕೆಳಗಿನಿಂದ ಸಲಹೆಗಳು ಹಾರಿ ಬಂದವು.

"ಸ್ವಲ್ಪ ಎಡಕ್ಕೆ!" ಎಂದರು ಮೇಷ್ಟ್ರು.

"ಎಡಕ್ಕೆ ಬಂದ್ರೆ ನನ್ನ ಕಿಟಕಿಗೆ ಬೀಳುತ್ತೆ, ಬಲಕ್ಕೆ!" ಎಂದಳು ಟೈಲರಕ್ಕ.

"ಬಲಕ್ಕೆ ನನ್ನ ಮನೆ ಇದೆ. ಲಿಖಿತ ಆಕ್ಷೇಪಣೆ ಕೊಡ್ತೀನಿ," ಎಂದರು ಕಾರ್ಯದರ್ಶಿಗಳು.

"ಊಟ ಆರ್ತಿದೆ ಕಣ್ರೀ, ಮೊದ್ಲು ಕೆಳಗೆ ಬನ್ನಿ!" ಎಂದು ಕಿಟಕಿಯಿಂದ ಕೂಗಿದಳು ಹೆಂಡತಿ.

ಬನ್ನಣ್ಣ ಎಲ್ಲರ ಮಾತಿಗೂ ಹೂಂಗುಟ್ಟಿ, ದೀಪದ ಮೂತಿಯನ್ನು ನೆಲದ ಕಡೆ ತಿರುಗಿಸಿ ಬೋಲ್ಟು ಬಿಗಿದ. ಅಚ್ಚನ್ನು ಅದರ ನೆತ್ತಿಯ ಮೇಲೆ ಕವುಚಿ ತಂತಿಯಿಂದ ಕಟ್ಟಿದ. ಈಗ ಬೆಳಕು ಮೇಲೆ ಹಾರುವಂತಿರಲಿಲ್ಲ. ಅವನ ಕಿಟಕಿಯ ಕೆಳಗೆ, ಕಟ್ಟೆಯ ಹತ್ತಿರಕ್ಕೆ ನಿಂತುಬಿಡಬೇಕು. ಕಾಲುಚೀಲ ಬಿಚ್ಚಿಕೊಂಡು ಇಳಿದು, ಆರಿದ ಊಟ ಉಂಡ.

ಆರೂವರೆಯಾಯಿತು. ದೀಪ ಹೊತ್ತಿತು. ಬನ್ನಣ್ಣ "ಆಹಾ" ಎನ್ನುವಷ್ಟರಲ್ಲಿ ಆರಿತು. ಮತ್ತೆ ಹೊತ್ತಿತು, ಮತ್ತೆ ಆರಿತು. ಅಚ್ಚಿನ ಒಳಮೈ ಹದಿನಾರು ವರ್ಷದ ಜಿಡ್ಡಿನಲ್ಲಿ ತಿಕ್ಕಿ ತಿಕ್ಕಿ ಕನ್ನಡಿಯಂತಾಗಿತ್ತು. ಅದಕ್ಕೆ ಬಡಿದ ಬೆಳಕು ತಿರುಗಿ ಗಾಜಿನ ಕಣ್ಣಿಗೇ ಬೀಳುತ್ತಿತ್ತು. ಬೆಳಗಾಯಿತೆಂದು ದೀಪ ಆರುತ್ತಿತ್ತು. ಆರಿದೊಡನೆ ಕತ್ತಲಾಯಿತೆಂದು ಹೊತ್ತುತ್ತಿತ್ತು.

ವಠಾರವೆಲ್ಲ ಹೊರಗೆ ಬಂತು. ರಸ್ತೆಯಲ್ಲಿ ಹೋಗುತ್ತಿದ್ದ ಇಬ್ಬರು, ಏನೋ ಉದ್ಘಾಟನೆ ಇರಬೇಕೆಂದು ಗೇಟಿನೊಳಗೆ ಬಂದು, ತಿಂಡಿ ಎಲ್ಲಿ ಎಂಬಂತೆ ಸುತ್ತ ನೋಡತೊಡಗಿದರು.

"ನಿಮಿಷಕ್ಕೆ ಇಪ್ಪತ್ತು ಸಲ," ಎಂದು ಗಡಿಯಾರ ನೋಡಿ ಕಾರ್ಯದರ್ಶಿಗಳು ಬರೆದುಕೊಂಡರು.

"ತಾಳ ತಪ್ತಿಲ್ಲ," ಎಂದು ಮೇಷ್ಟ್ರು ತಲೆದೂಗಿದರು.

ಬನ್ನಣ್ಣನಿಗೆ ಅಳುವೇ ಬಂತು. ಎಂಟು ಗಂಟೆಗೆ ಇನ್ನು ಒಂದೂವರೆ ತಾಸು. ಕಣ್ಣ ಮುಂದೆ ಸೈಕಲ್ಲೊಂದು ಗಂಟೆ ಬಾರಿಸುತ್ತ ಹಾದುಹೋಯಿತು. ಆದರೆ ಒಲೆಯ ಮುಂದೆ ಹದಿನಾರು ವರ್ಷ ನಿಂತವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು: ಮಸಿ ಹಿಡಿದ ತಗಡು ಹೊಳೆಯುವುದಿಲ್ಲ. ಅಚ್ಚು ಬಿಚ್ಚಿ, ಹೆಂಡತಿಯಿಂದ ಮೇಣದಬತ್ತಿ ಇಸಿದುಕೊಂಡು, ಒಳಮೈಗೆಲ್ಲ ಹೊಗೆ ಹಿಡಿಸಿದ. ಅಚ್ಚು ಕಪ್ಪಾಯಿತು. ಜೊತೆಗೆ ಹತ್ತು ಬೆರಳು, ಮೂಗು ಮತ್ತು ಒಂದು ಕಿವಿಯೂ ಕಪ್ಪಾದವು.

ಮತ್ತೆ ಕಟ್ಟಿದ. ಎಲ್ಲರೂ ಕತ್ತೆತ್ತಿ ನೋಡಿದರು. ದೀಪ ಹೊತ್ತಿತು. ಹೊತ್ತಿಕೊಂಡೇ ಇತ್ತು.

ಅಂಗಳಕ್ಕೆ ಅಂಗಳವೇ ಬದಲಾಗಿತ್ತು. ಕಣ್ಣಿಗೆ ಚುಚ್ಚುತ್ತಿದ್ದ ಬಿಳಿ ಝಳಪು ಮಾಯವಾಗಿ, ಬೆಳಕು ಮೆಲ್ಲಗೆ ನೆಲದ ಮೇಲೆ ಹರಡಿತ್ತು. ಬಿದ್ದ ಅಂಗಿಗುಂಡಿಯೂ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಒಂಬತ್ತು ದಿನದಿಂದ ಹಣೆಗೆ ಕೈ ಅಡ್ಡ ಹಿಡಿದು ಓಡಾಡುತ್ತಿದ್ದವರು ಕೈಯಿಳಿಸಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಲೆ ಬನ್ನಣ್ಣನ ಕಿಟಕಿ ಕಪ್ಪಗೆ, ತಂಪಗೆ, ಬಾ ಎಂದು ಕರೆಯುತ್ತಿತ್ತು.

"ಭಲೇ ಬನ್ನಣ್ಣಾ!" ಮೇಷ್ಟ್ರು ಅವನನ್ನು ತಬ್ಬಿಕೊಂಡು ತಮ್ಮ ಅಂಗಿಗೂ ಮಸಿ ಹಚ್ಚಿಕೊಂಡರು. ಟೈಲರಕ್ಕ ಚಪ್ಪಾಳೆ ತಟ್ಟಿದಳು. ಕಾರ್ಯದರ್ಶಿಗಳು ಒಳಗೆ ಹೋಗಿ ಏನೋ ಬರೆದು ತಂದರು. ಅಷ್ಟರಲ್ಲಿ ಬನ್ನಣ್ಣ ಏಣಿಗೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದ.

"ಒಂದು ಸಹಿ ಬನ್ನಣ್ಣಾ. ನಿಮ್ಮ ದೀಪದ ವಿಚಾರ."

ಅಭಿನಂದನಾ ಪತ್ರವಿರಬೇಕೆಂದುಕೊಂಡು ಬನ್ನಣ್ಣ ನಾಚಿಕೆಯಿಂದ ನಕ್ಕು, ಸಹಿ ಮಾಡಿ, ಪಕ್ಕದಲ್ಲಿ ಮಸಿಯ ಹೆಬ್ಬೆಟ್ಟೊಂದನ್ನೂ ಮೂಡಿಸಿ ಮನೆ ಸೇರಿದ.

ಸರಿಯಾಗಿ ಎಂಟಕ್ಕೆ ಹಾಸಿಗೆಯಲ್ಲಿ ಕಾಲು ಚಾಚಿದ. ಆಹಾ, ಎಂಥ ಕತ್ತಲು! ಕೈ ಮುಖದ ಮುಂದೆ ಹಿಡಿದರೂ ಕಾಣದು. ನಿದ್ದೆ ಬೆರಳ ತುದಿಯಿಂದ ಹತ್ತತೊಡಗಿತು. ಮೊಣಕಾಲಿನವರೆಗೆ ಬಂತು, ಸೊಂಟದವರೆಗೆ ಬಂತು.

ಕೆಳಗೆ ಕುರ್ಚಿಯೊಂದು ಕರ್ರೆಂದಿತು. ಆಮೇಲೆ ಇನ್ನೊಂದು. ಆಮೇಲೆ ಯಾರೋ ಯಾರನ್ನೋ "ಇಲ್ಲಿ ಬನ್ನಿ, ಇಲ್ಲಿ ಬೆಳಕು ಹಿತವಾಗಿದೆ" ಎಂದು ಕರೆದರು. ಆಮೇಲೆ, ಒಂದು ವರ್ಷದ ಧೂಳು ಕೊಡವಿಕೊಂಡು, ಹಾರ್ಮೋನಿಯಂ ಒಂದು ದೀರ್ಘವಾದ ಉಸಿರೆಳೆದುಕೊಂಡಿತು.

ಬನ್ನಣ್ಣ ಧಡಕ್ಕನೆ ಎದ್ದು ಕಿಟಕಿಗೆ ಬಂದ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂದಿತಂತೆ! ಕಟ್ಟೆಯ ಮೇಲೆ ವಠಾರವೆಲ್ಲ ನೆರೆದಿತ್ತು. ಉದ್ಘಾಟನೆಗೆಂದು ಬಂದ ದಾರಿಹೋಕರಿಬ್ಬರೂ ಮುಂದಿನ ಸಾಲಿನಲ್ಲಿದ್ದರು. ನಡುವೆ ಕುರ್ಚಿ ಹಾಕಿಕೊಂಡು ಕೂತವಳು ಅವನ ಸ್ವಂತ ಹೆಂಡತಿ.

ಅವನು ದಿಂಬು ಹಿಡಿದೇ ಕೆಳಗೆ ಓಡಿದ. "ಏನ್ರೀ ಇದು? ಇದು ನಾನು ಮಲಗೋ ಹೊತ್ತು!"

ಕಾರ್ಯದರ್ಶಿಗಳು ಹಾಳೆ ಬಿಡಿಸಿ ಓದಿದರು. "'ಬೆಳಕು ಈಗ ಹಿತವಾಗಿರುವುದರಿಂದ ದಿನಾ ಎಂಟರಿಂದ ಹತ್ತರವರೆಗೆ ಕಟ್ಟೆಯಲ್ಲಿ ಸೇರಿ ಹಾಡು, ಹರಟೆ ನಡೆಸಲು ನಮ್ಮ ಸಂಪೂರ್ಣ ಒಪ್ಪಿಗೆಯಿದೆ. ದೀಪದ ಮರೆಯನ್ನು ಯಾರೂ ಮುಟ್ಟತಕ್ಕದ್ದಲ್ಲ.' ಮೊದಲ ಸಹಿ ಯಾರದು ನೋಡಿ. ಹೆಬ್ಬೆಟ್ಟೂ ಇದೆ."

ಬನ್ನಣ್ಣ ತನ್ನ ಹೆಬ್ಬೆಟ್ಟು ನೋಡಿಕೊಂಡ. ಮಸಿ ಇನ್ನೂ ಹೋಗಿರಲಿಲ್ಲ.

"ಬನ್ನಿ ಕೂತ್ಕೊಳ್ಳಿ, ನಿಮ್ಮಿಂದಾನೇ ಇಷ್ಟೆಲ್ಲ," ಎಂದು ಹೆಂಡತಿ ಅಭಿಮಾನದಿಂದ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಮೇಷ್ಟ್ರು ಎತ್ತಿಕೊಂಡ ರಾಗ ಅರ್ಧಕ್ಕೆ ಬಂದಾಗ ಗೇಟು ಕಿರ್ರೆಂದಿತು. ಗಂಟೆ ಎಂಟೂವರೆ. ಬೇಕರಿಯ ಯಜಮಾನರು!

"ಓಹೋ!" ಎಂದರು ಅವರು ಸೊಂಟದ ಮೇಲೆ ಕೈಯಿಟ್ಟು. "ಗೊರಕೆ ಕೇಳೋಣ ಅಂತ ಬಂದ್ರೆ ಇಲ್ಲಿ ಕಚೇರಿ ನಡೀತಿದೆ. ಇದೇನಾ ನಿನ್ನ ನಿದ್ದೆ ಇಲ್ಲದ ಕಾಯಿಲೆ?" ಅವರ ಕಣ್ಣು ಮೇಲೆ ಹೋಯಿತು. "ಅದು ನಮ್ಮ ಅಚ್ಚಲ್ವೇನಯ್ಯಾ?"

ಹಾರ್ಮೋನಿಯಂ ನಿಂತಿತು. ಬನ್ನಣ್ಣ ದಿಂಬನ್ನು ಎದೆಗವಚಿಕೊಂಡ. ಯಜಮಾನರು ದೀಪವನ್ನು ದಿಟ್ಟಿಸಿದರು. ಕಣ್ಣು ಕಿರಿದಾಗಲಿಲ್ಲ, ಹುಬ್ಬು ಗಂಟಾಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ದಿಟ್ಟಿಸಿದರು.

"ಚುಚ್ಚೋದೇ ಇಲ್ವಲ್ಲ," ಎಂದು ಮೆತ್ತಗಾದರು. ಖಾಲಿ ಕುರ್ಚಿಯೊಂದನ್ನು ಎಳೆದುಕೊಂಡು ಕೂತರು. "ಅದೇನೋ ನುಡಿಸ್ತಿದ್ರಲ್ಲ ಮೇಷ್ಟ್ರೇ, ಅದನ್ನ ಸ್ವಲ್ಪ ಕೆಳಗಿನ ಶ್ರುತೀಲಿ ಹಿಡೀರಿ."

ಗಂಟಲು ಸರಿಮಾಡಿಕೊಂಡು ಅವರು ಹಾಡತೊಡಗಿದರು. ಹದಿನಾರು ವರ್ಷದಲ್ಲಿ ಬನ್ನಣ್ಣ ಕೇಳಿದ್ದು ಅವರ ಬೈಗುಳ ಮಾತ್ರ. ಆ ಗಂಟಲಲ್ಲಿ ಇಂಥದೊಂದು ದನಿ ಇದೆಯೆಂದು ಯಾರಿಗೆ ಗೊತ್ತಿತ್ತು! ಹತ್ತರವರೆಗೆ ಯಾರೂ ಕದಲಲಿಲ್ಲ. ನಿಜ ಹೇಳಬೇಕೆಂದರೆ ಬನ್ನಣ್ಣನಿಗೂ ಖುಷಿಯಾಯಿತು. ಇಷ್ಟು ಜನ ಇಷ್ಟು ನಕ್ಕದ್ದನ್ನು ಅವನು ಈ ಅಂಗಳದಲ್ಲಿ ಕಂಡೇ ಇರಲಿಲ್ಲ.

ಹೊರಡುವಾಗ ಯಜಮಾನರು ಅವನ ಬೆನ್ನು ತಟ್ಟಿದರು. "ಒಳ್ಳೇ ಜಾಗ ಮಾಡಿದ್ದೀಯಪ್ಪಾ. ನಾಳೆಯಿಂದ ದಿನಾ ಬರ್ತೀನಿ. ಎಂಟಕ್ಕೆ ಸರಿಯಾಗಿ ನನಗೊಂದು ಕುರ್ಚಿ ಹಾಕಿಡು. ಅಂದ ಹಾಗೆ, ಮುನ್ನೂರು ಬನ್ ನೆನಪಿದೆ ತಾನೆ? ಮೂರಕ್ಕೆ ಒಲೆ. ಉಪ್ಪು ಬಿತ್ತೋ, ಸೈಕಲ್ಲೇ!"

ಗೇಟು ಮುಚ್ಚಿತು. ಬನ್ನಣ್ಣ ಬೆರಳು ಮಡಿಚಿ ಲೆಕ್ಕ ಹಾಕಿದ. ಎರಡೂವರೆಗೆ ಏಳಬೇಕು, ಉಳಿದದ್ದು ನಾಲ್ಕೂವರೆ ತಾಸು. ನಾಳೆಯೂ ಅಷ್ಟೇ, ನಾಡಿದ್ದೂ ಅಷ್ಟೇ. ನಿಟ್ಟುಸಿರು ಬಿಟ್ಟು, ಕುರ್ಚಿ ಮಡಿಸುತ್ತಿದ್ದ ಟೈಲರಕ್ಕನ ಹತ್ತಿರ ಹೋದ.

"ಅಕ್ಕಾ, ನಂಗೆ ಸೈಕಲ್ ಹೊಡೆಯೋದು ಕಲಿಸಿಕೊಡ್ತೀರಾ?"

"ಅದಕ್ಕೇನಂತೆ!" ಟೈಲರಕ್ಕನ ಮುಖ ಅರಳಿತು. "ಹತ್ತು ಗಂಟೆ ಮೇಲೆ ಅಂಗಳ ಪೂರ್ತಿ ಖಾಲಿ, ಬೆಳಕೂ ಹಿತವಾಗಿದೆ. ದಿನಾ ಹತ್ತರಿಂದ ಹನ್ನೆರಡು ಕಲಿಸ್ತೀನಿ. ನಿಂತ್ಕೋ, ಈಗ್ಲೇ ಸೈಕಲ್ ತರ್ತೀನಿ."