ಹನ್ನೊಂದನೆಯ ಪುಟದ ಹುಡುಗ

ತೊಂದರೆಗೆಲ್ಲ ಕಾರಣ ಒಂದು ಉಣ್ಣೆಯ ಟೋಪಿ. ಅರವತ್ತು ವರ್ಷಗಳ ಹಿಂದೆ ಯಾವನೋ ಒಬ್ಬ ಹುಡುಗ ಅದನ್ನು ಮೂಗಿನವರೆಗೆ ಎಳೆದುಕೊಂಡು ಫೋಟೋಗೆ ನಿಂತಿದ್ದ.

ಆ ಫೋಟೋ ಇದ್ದದ್ದು ಹಲ್ಲಕೋಸ್ಕಿ ಎಂಬ ಫಿನ್ನಿಷ್ ಊರಿನ ಐಸ್ ಹಾಕಿ ಕ್ಲಬ್ಬಿನ ಎಪ್ಪತ್ತು ವರ್ಷಗಳ ಇತಿಹಾಸದ ಹನ್ನೊಂದನೆಯ ಪುಟದಲ್ಲಿ. ಕ್ಲಬ್ಬಿನ ಹೆಸರು ಕಿರ್ವೆಸ್, ಅಂದರೆ ಕೊಡಲಿ. ಈ ಕೊಡಲಿ ಎಪ್ಪತ್ತು ವರ್ಷಗಳಲ್ಲಿ ಕಡಿದದ್ದು ಒಂದೇ ಮರ. ೧೯೬೪ರಲ್ಲಿ ಹದಿನಾಲ್ಕು ವರ್ಷದೊಳಗಿನ ಹುಡುಗರು ಪಕ್ಕದೂರು ಸೂರ್ನಿಯೆಮಿಯನ್ನು ಸೋಲಿಸಿ ಪ್ರಾಂತದ ಕಿರಿಯರ ಕಪ್ ಗೆದ್ದಿದ್ದರು. ಅಲ್ಲಿಂದೀಚೆಗೆ ಊರು ಆ ಒಂದು ಸಂಜೆಯನ್ನು ನೆನೆಯುತ್ತಲೇ ಬದುಕಿತ್ತು. ಹೊಸದಾಗಿ ಗೆಲ್ಲುವ ಶ್ರಮವೂ ತಪ್ಪಿತ್ತು.

ಇತಿಹಾಸ ಬರೆದವನು ಟಾರ್ಮೊ ಹ್ಯುಟ್ಟಿನೆನ್, ಶಾಲೆಯಲ್ಲಿ ಮರಗೆಲಸ ಕಲಿಸುವ ಮೇಷ್ಟ್ರು. ಅವನಿಗೆ ಇತಿಹಾಸದ ಹುಚ್ಚೇನೂ ಇರಲಿಲ್ಲ. ಅವನು ಹತ್ತು ವರ್ಷದೊಳಗಿನ ಮಕ್ಕಳ ತಂಡದ ಕೋಚ್. ಆ ಮಕ್ಕಳಿಗೆ ಐಸ್ ಹಾಲಿನಲ್ಲಿ ಸಿಕ್ಕಿದ್ದ ಸಮಯ ಶನಿವಾರ ಬೆಳಗಿನ ಆರೂವರೆ. ಅಷ್ಟು ಹೊತ್ತಿಗೆ ಮಕ್ಕಳು ಆಡುವುದಿಲ್ಲ, ನಿಂತಲ್ಲೇ ತೂಕಡಿಸುತ್ತವೆ. ಗೋಲ್‌ಕೀಪರ್ ಹುಡುಗಿಯಂತೂ ಗೋಲಿನ ಬಲೆಗೆ ಒರಗಿ ನಿಜವಾಗಿಯೂ ನಿದ್ದೆ ಹೋಗುತ್ತಿದ್ದಳು. ಪಕ್ ಎಂಬ ರಬ್ಬರ್ ಬಿಲ್ಲೆ ಬಂದು ಅವಳ ಕಾಲಿಗೆ ಬಡಿದು ನಿಂತರೆ ಅದನ್ನೇ ಒಳ್ಳೆಯ ಆಟ ಎಂದು ತಂದೆತಾಯಿಗಳು ಚಪ್ಪಾಳೆ ತಟ್ಟುತ್ತಿದ್ದರು. ತಂಡ ಎರಡು ವರ್ಷಗಳಿಂದ ಒಂದೂ ಪಂದ್ಯ ಗೆದ್ದಿರಲಿಲ್ಲ.

ಕ್ಲಬ್ಬಿನ ಅಧ್ಯಕ್ಷ ಕೌಕೊ ರೌತಿಯಾಯ್ನೆನ್ ಊರಿನ ಕಬ್ಬಿಣದ ಅಂಗಡಿಯ ಮಾಲೀಕ. ಹತ್ತೊಂಬತ್ತು ವರ್ಷಗಳಿಂದ ಅವನೇ ಅಧ್ಯಕ್ಷ, ಏಕೆಂದರೆ ಸಭೆಗೆ ಬೇರೆ ಯಾರೂ ಬರುತ್ತಿರಲಿಲ್ಲ. ನೀನು ಇತಿಹಾಸ ಬರೆದುಕೊಟ್ಟರೆ ನಿನ್ನ ಮಕ್ಕಳಿಗೆ ಬುಧವಾರ ಸಂಜೆ ಐದು ಗಂಟೆಯ ಐಸ್ ಕೊಡುತ್ತೇನೆ ಎಂದು ಅವನು ಮಾತು ಕೊಟ್ಟಿದ್ದ. ಆ ಐದು ಗಂಟೆಗಾಗಿ ಟಾರ್ಮೊ ಒಂದು ವರ್ಷ ಹಳೆಯ ಪೆಟ್ಟಿಗೆಗಳ ಧೂಳು ಕುಡಿದು ನಲವತ್ತೆಂಟು ಪುಟ ಬರೆದ.

ಹನ್ನೊಂದನೆಯ ಪುಟದಲ್ಲಿ ಹದಿನಾಲ್ಕು ಹುಡುಗರಿದ್ದರು. ಹೆಸರು ಸಿಕ್ಕಿದ್ದು ಹದಿಮೂರು. ಎಡದಿಂದ ಮೂರನೆಯವನ ಮುಖದಲ್ಲಿ ಕಾಣುತ್ತಿದ್ದದ್ದು ಒಂದು ಕಿವಿ ಮತ್ತು ಗಲ್ಲ ಮಾತ್ರ. ಟಾರ್ಮೊ ಪ್ರಾಮಾಣಿಕನಾಗಿ ‘ಗುರುತು ಸಿಕ್ಕಿಲ್ಲ’ ಎಂದು ಅಚ್ಚು ಹಾಕಿಸಿದ. ಬದುಕಿನಲ್ಲಿ ಅವನು ಮಾಡಿದ ದೊಡ್ಡ ತಪ್ಪುಗಳಲ್ಲಿ ಇದೂ ಒಂದು.

ಪುಸ್ತಕ ಬಂದದ್ದು ಶುಕ್ರವಾರ. ಸಮಾರಂಭ ಶನಿವಾರ ಮಧ್ಯಾಹ್ನ ಎರಡಕ್ಕೆ. ಅಷ್ಟರೊಳಗೆ ಇಡೀ ಊರು ಪುಸ್ತಕ ಓದಿ ಮುಗಿಸಿತ್ತು, ಅಂದರೆ ಹನ್ನೊಂದನೆಯ ಪುಟವನ್ನು. ಉಳಿದ ನಲವತ್ತೇಳನ್ನು ಈವರೆಗೆ ಯಾರೂ ಓದಿಲ್ಲ.

ಶನಿವಾರ ಬೆಳಗಿನ ಅಭ್ಯಾಸ ಮುಗಿಯುವ ಮೊದಲೇ ಪಕ್ಕದ ಮನೆಯ ರಾಯ್ಲಿ ಪುಸ್ತಕದ ಜೊತೆ ಮನೆಯ ಆಲ್ಬಮ್ಮನ್ನೂ ಹೊತ್ತುಕೊಂಡು ಐಸ್ ಹಾಲಿಗೆ ಬಂದಳು. ಹೊರಗೆ ಮೈನಸ್ ಇಪ್ಪತ್ತೆರಡು. ಕಳೆದ ಹನ್ನೊಂದು ವರ್ಷಗಳಲ್ಲಿ ಅವಳು ಟಾರ್ಮೊ ಜೊತೆ ಆಡಿದ್ದ ಮಾತು, ಬೇಲಿಯಾಚೆ ಹಿಮ ಎಸೆಯಬೇಡ ಎಂಬುದೊಂದೇ.

"ಈ ಕಿವಿ ನೋಡು," ಎಂದು ಹನ್ನೊಂದನೆಯ ಪುಟದ ಮೇಲೆ ಬೆರಳಿಟ್ಟಳು. "ಈಗ ನನ್ನ ಕಿವಿ ನೋಡು."

ಟಾರ್ಮೊ ನೋಡಿದ. ಎರಡೂ ಕಿವಿಗಳೇ ಎಂಬುದರಲ್ಲಿ ಅನುಮಾನವಿರಲಿಲ್ಲ.

"ಅದು ನಮ್ಮಪ್ಪ. ನೀನು ಅವರನ್ನ ಗುರುತು ಇಲ್ಲದವರ ಲೆಕ್ಕಕ್ಕೆ ಹಾಕಿದೀಯ."

ವಿಚಾರಿಸಿ ಹೇಳುತ್ತೇನೆ ಎಂದು ಅವಳಿಂದ ಬಿಡಿಸಿಕೊಂಡು ಟಾರ್ಮೊ ಹಾಲಿನ ಕೆಫೆಗೆ ಹೋದ. ಅಲ್ಲಿ ಕಾಫಿ ಕೊಡುವ ತುವೋವಿ ಎಂಬ ಹಿರಿಯ ಹೆಂಗಸು ಅವನ ಲೋಟವನ್ನು ತುಂಬಿಸಿ ತನ್ನ ಕಡೆಗೇ ಇಟ್ಟುಕೊಂಡಳು. ಆ ಟೋಪಿ ಹೆಣೆದದ್ದು ತನ್ನ ತಾಯಿ, ಆದ್ದರಿಂದ ಅದರೊಳಗಿರುವುದು ತನ್ನಣ್ಣ, ಇದನ್ನು ಒಪ್ಪಿಕೊಂಡ ಮೇಲೆ ಕಾಫಿ ಎಂದಳು. ಅಂಥ ಟೋಪಿ ಆ ಕಾಲದಲ್ಲಿ ಪ್ರತಿ ಮನೆಯಲ್ಲೂ ಇತ್ತಲ್ಲ ಎಂದು ಟಾರ್ಮೊ ಹೇಳಿದ. ತುವೋವಿ ಆ ಕಾಫಿಯನ್ನು ಅವನ ಕಣ್ಣೆದುರೇ ತಾನು ಕುಡಿದಳು.

ಆ ತಂಡದವರು ಒಬ್ಬೊಬ್ಬರಾಗಿ ಮಣ್ಣು ಸೇರಿದ್ದರು, ಇಲ್ಲವೇ ಸ್ವೀಡನ್ ಸೇರಿದ್ದರು. ಊರಿನಲ್ಲಿ ಉಳಿದಿದ್ದವನು ಆಗಿನ ಗೋಲ್‌ಕೀಪರ್ ಉರ್ಪೊ ಒಬ್ಬನೇ, ಅವನೂ ವೃದ್ಧಾಶ್ರಮದಲ್ಲಿ. ಟಾರ್ಮೊ ಅವನಿಗೆ ಫೋನ್ ಮಾಡಿ, ನಿಮ್ಮ ಪಕ್ಕ ನಿಂತಿದ್ದವನು ಯಾರು ಎಂದು ಕೇಳಿದ.

"ಯಾವನೋ ಒಬ್ಬ," ಎಂದ ಉರ್ಪೊ. "ಅದನ್ನ ಹಾಗೇ ಬಿಟ್ಟುಬಿಡಪ್ಪ." ಫೋನ್ ಇಟ್ಟೇಬಿಟ್ಟ.

ಹನ್ನೊಂದು ಗಂಟೆಗೆ ಅಧ್ಯಕ್ಷ ಕೌಕೊ ಬಂದ. ಕೋಟು ಬಿಚ್ಚದೆ, ಕೂರದೆ, ಕಿಟಕಿಯ ಕಡೆ ಮುಖ ಮಾಡಿ ವಿಷಯ ತಿಳಿಸಿದ. ರಾತ್ರಿಯೆಲ್ಲ ಫೋಟೋ ನೋಡಿ ಯೋಚಿಸಿದ್ದಾನಂತೆ. ಟೋಪಿಯ ಹುಡುಗ ತನ್ನ ತಂದೆ ಎರ್ಕ್ಕಿ.

"ಕೌಕೊ, ಆ ವರ್ಷ ನಿಮ್ಮಪ್ಪನಿಗೆ ಹತ್ತೊಂಬತ್ತು," ಎಂದ ಟಾರ್ಮೊ. "ಸೈನ್ಯದಲ್ಲಿದ್ದರು. ಇದು ಹದಿನಾಲ್ಕರೊಳಗಿನವರ ತಂಡ."

"ರಜೆ ಮೇಲೆ ಬಂದಿರಬಹುದು. ಅಪ್ಪ ಸ್ವಲ್ಪ ಕುಳ್ಳ."

ಟಾರ್ಮೊ ಪುಸ್ತಕ ತೆರೆದು ಫೋಟೋವನ್ನು ಅವನ ಮುಂದೆ ಹಿಡಿದ.

"ಬುಧವಾರದ ಐಸ್ ಪಟ್ಟಿಗೆ ಇನ್ನೂ ಸಹಿ ಹಾಕಿಲ್ಲ," ಎಂದ ಕೌಕೊ, ಹೊರಗಿನ ಹಿಮವನ್ನು ಬಹಳ ಆಸಕ್ತಿಯಿಂದ ನೋಡುತ್ತ.

ಟಾರ್ಮೊ ತನ್ನ ಆತ್ಮಸಾಕ್ಷಿಯೊಂದಿಗೆ ಹೋರಾಡಿದ. ಹೋರಾಟ ಸುಮಾರು ನಾಲ್ಕು ನಿಮಿಷ ನಡೆಯಿತು. ಅವನ ತಂಡದ ಇತರ ಪಂದ್ಯಗಳಿಗೆ ಹೋಲಿಸಿದರೆ ಇದರಲ್ಲಿ ಅವನು ಹೆಚ್ಚು ಹೊತ್ತೇ ತಾಳಿಕೊಂಡ. ಮಕ್ಕಳು ಸಂಜೆ ಹೊತ್ತು, ಕಣ್ಣು ತೆರೆದುಕೊಂಡು ಆಡುವ ದೃಶ್ಯ ಅವನ ಮುಂದೆ ಸುಳಿಯಿತು. ಶಾಲೆಗೆ ಹೋಗಿ ಮುನ್ನೂರು ಚೀಟಿ ಅಚ್ಚು ಹಾಕಿ ತಂದ. ‘ಎಡದಿಂದ ಮೂರನೆಯವರು: ಎರ್ಕ್ಕಿ ರೌತಿಯಾಯ್ನೆನ್.’ ಅವನ ತಂಡದ ಹನ್ನೊಂದು ಮಕ್ಕಳು ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಅವನ್ನು ಪುಸ್ತಕಗಳಿಗೆ ಅಂಟಿಸಿದವು. ಕೆಲವು ಚೀಟಿಗಳು ಬೇರೆ ಪುಟಗಳಿಗೆ ಹೋದವು. ಹಾಗಾಗಿ ಒಂದಷ್ಟು ಪ್ರತಿಗಳಲ್ಲಿ ಐಸ್ ನುಣುಪು ಮಾಡುವ ಮೊದಲ ಗಾಡಿಯ ಹೆಸರೂ ಎರ್ಕ್ಕಿ ರೌತಿಯಾಯ್ನೆನ್ ಎಂದಾಯಿತು. ಒಂದು ಚೀಟಿ ಗೋಲ್‌ಕೀಪರ್ ಹುಡುಗಿಯ ಹಣೆಯ ಮೇಲಿತ್ತು.

ಎರಡು ಗಂಟೆಗೆ ಹಾಲ್ ಭರ್ತಿ. ಸೂರ್ನಿಯೆಮಿಯಿಂದ ಮಕ್ಕಳ ತಂಡವೂ ಅವರ ಕೋಚ್ ಹೆಂಗಸೂ ಸ್ನೇಹದ ಪಂದ್ಯ ಆಡಲು ಬಂದಿದ್ದರು. ಅವರ ಜೊತೆ ಮುಖ್ಯ ಅತಿಥಿಯಾಗಿ ಒಸ್ಮೊ ಕಂಗಾಸ್ನಿಯೆಮಿ ಬಂದಿದ್ದ. ಎಪ್ಪತ್ತು ದಾಟಿದ ಈತ ಸೂರ್ನಿಯೆಮಿಯ ಐಸ್ ಹಾಲಿನ ಯಜಮಾನ, ಪ್ರಾಂತದ ಹಾಕಿ ಮಂದಿಗೆಲ್ಲ ಹಿರಿಯ. ಮೇಜಿನ ಮೇಲೆ ಮೀನು, ಮಯೋನೀಸ್, ಬ್ರೆಡ್ಡು ಪೇರಿಸಿದ ಉದ್ದನೆಯ ಕೇಕು. ಅದರ ಪಕ್ಕದಲ್ಲಿ ಹೊಳೆಯುವ ಹಾಗೆ ಉಜ್ಜಿದ ೧೯೬೪ರ ಕಪ್.

ಕೌಕೊ ಭಾಷಣಕ್ಕೆ ನಿಂತ. ಫಿನ್ನಿಷ್ ಗಂಡಸು ನಾಲ್ಕು ಜನರೆದುರು ಅಳುವುದು ಅಪರೂಪ, ಆದರೆ ಅವನು ಅತ್ತ. ತಂದೆ ಆ ಫೈನಲ್ಲಿನಲ್ಲಿ ಆಡಿದ್ದರು ಎಂದು ಶುರುಮಾಡಿದವನು, ಮಧ್ಯದಲ್ಲಿ ತಂದೆ ಒಂದು ಗೋಲು ಹೊಡೆದರು ಎಂದ, ಮುಗಿಸುವಾಗ ಗೆಲುವಿನ ಗೋಲು ಹೊಡೆದವರೇ ತಂದೆ ಎಂದ. ಇನ್ನೆರಡು ನಿಮಿಷ ಬಿಟ್ಟಿದ್ದರೆ ಎರ್ಕ್ಕಿ ಆ ಆಟವನ್ನೇ ಕಂಡುಹಿಡಿದಿರುತ್ತಿದ್ದರು. ರಾಯ್ಲಿ ಎದ್ದು ನಿಂತು ತನ್ನ ಕಿವಿ ತೋರಿಸಿದಳು. ತುವೋವಿ ಕಾಫಿ ಪಾತ್ರೆಯ ಮುಚ್ಚಳವನ್ನು ಜೋರಾಗಿ ಹಾಕಿದಳು.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಯಾರೋ ನಗುವುದು ಕೇಳಿಸಿತು. ಒಸ್ಮೊ ಹನ್ನೊಂದನೆಯ ಪುಟ ಬಿಚ್ಚಿಕೊಂಡು ಕೂತಿದ್ದ. ನಗು ತಡೆಯಲಾಗದೆ ಮೈಕಿನ ಬಳಿಗೆ ಬಂದ.

"ಕ್ಷಮಿಸಬೇಕು," ಎಂದ. "ಇದು ನಾನು."

ರಾಯ್ಲಿ ಕಿವಿಯಿಂದ ಕೈ ತೆಗೆದಳು.

ಉರ್ಪೊ ಒಸ್ಮೊನ ಚಿಕ್ಕಪ್ಪನ ಮಗ. ಆ ಫೈನಲ್ಲಿನ ದಿನ ಹಲ್ಲಕೋಸ್ಕಿಯ ಒಳ್ಳೆಯ ಆಟಗಾರನಿಗೆ ಮಂಗಬಾವು. ಉರ್ಪೊ ತನ್ನ ದಾಯಾದಿಯನ್ನು ಗುಟ್ಟಾಗಿ ಕರೆತಂದು ತಂಡದೊಳಗೆ ನುಗ್ಗಿಸಿದ್ದ. ಸೂರ್ನಿಯೆಮಿಯ ಹುಡುಗ ಸೂರ್ನಿಯೆಮಿಯ ವಿರುದ್ಧ ಆಡುವಾಗ ಸ್ವಂತ ಊರಿನವರಿಗೆ ಗುರುತು ಸಿಗಬಾರದಲ್ಲ, ಅದಕ್ಕೇ ಆಡುವಾಗ ಕಣ್ಣಿನವರೆಗೆ ಎಳೆದಿದ್ದ ಟೋಪಿ ಫೋಟೋ ಹೊತ್ತಿಗೆ ಮೂಗಿಗೆ ಬಂದದ್ದು.

"ಗೆಲುವಿನ ಗೋಲು ಹೊಡೆದದ್ದೂ ನಾನೇ," ಎಂದು ಒಸ್ಮೊ ಕೈಮುಗಿದಷ್ಟು ವಿನಯದಿಂದ ಹೇಳಿದ. "ನಮ್ಮಪ್ಪ ಗೋಲಿನ ಹಿಂದೆ ನಿಂತು ನನ್ನನ್ನೇ ಬಯ್ತಾ ಇದ್ದರು. ಯಾರಿಗೆ ಬಯ್ತಿದ್ದೀನಿ ಅಂತ ಸಾಯೋವರೆಗೂ ಅವರಿಗೆ ಗೊತ್ತಾಗಲಿಲ್ಲ. ಅರವತ್ತು ವರ್ಷದಿಂದ ಹೊಟ್ಟೆಲಿಟ್ಟುಕೊಂಡಿದ್ದೆ. ಈಗ ಹಗುರಾಯ್ತು."

ಅವನಿಗೆ ಹಗುರಾದದ್ದೆಲ್ಲ ಹಲ್ಲಕೋಸ್ಕಿಯ ತಲೆಯ ಮೇಲೆ ಬಿತ್ತು. ಸೂರ್ನಿಯೆಮಿಯ ಕೋಚ್ ಯಾರನ್ನೂ ಕೇಳಲಿಲ್ಲ, ಜಗಳವನ್ನೂ ಆಡಲಿಲ್ಲ. ಎದ್ದು ಬಂದು ಕಪ್ ಎತ್ತಿ ತನ್ನ ಚೀಲದೊಳಗೆ ಒದ್ದೆ ಕಾಲುಚೀಲಗಳ ನಡುವೆ ಇಟ್ಟುಕೊಂಡು ಜಿಪ್ ಎಳೆದಳು. ಎಲ್ಲರ ಕಣ್ಣೂ ಕೌಕೊನ ಮೇಲೆ ನೆಟ್ಟವು. ಅವನು ಕಣ್ಣೊರೆಸಿಕೊಂಡು ಚೀಟಿಯ ಮೇಲೆ ಬೆರಳಿಟ್ಟ.

"ನನಗೇನು ಗೊತ್ತು," ಎಂದ. "ಪುಸ್ತಕದಲ್ಲಿ ಬರೆದದ್ದನ್ನ ನಾನು ನಂಬಿದೆ. ಬರೆದವನನ್ನ ಕೇಳಿ."

ಕೇಳಿದರು. ರಾಯ್ಲಿ ಮೊದಲು, ಆಮೇಲೆ ತುವೋವಿ, ಆಮೇಲೆ ಊರು. ಸ್ನೇಹದ ಪಂದ್ಯದಲ್ಲಿ ಟಾರ್ಮೊನ ಮಕ್ಕಳು ಒಂಬತ್ತು–ಸೊನ್ನೆಯಿಂದ ಸೋತದ್ದನ್ನು ನೋಡಲು ಕೂಡ ಯಾರಿಗೂ ಬಿಡುವಾಗಲಿಲ್ಲ. ಸಂಜೆಯೊಳಗೆ ಐಸ್ ಹಾಲಿನ ಬಾಗಿಲಿಗೆ ಹೊಸ ಪಟ್ಟಿ ಅಂಟಿತ್ತು. ಹತ್ತರೊಳಗಿನ ಮಕ್ಕಳ ಸಮಯ ಶನಿವಾರ ಬೆಳಗಿನ ಐದೂಮುಕ್ಕಾಲು.

ಟಾರ್ಮೊ ಪಟ್ಟಿಯ ಮುಂದೆ ನಿಂತಿದ್ದಾಗ ಒಸ್ಮೊ ಬಂದು ಹೆಗಲ ಮೇಲೆ ಕೈಯಿಟ್ಟ. ಯಾರು ಏನೇ ಅನ್ನಲಿ, ಮೊದಲು ‘ಗುರುತು ಸಿಕ್ಕಿಲ್ಲ’ ಎಂದು ಬರೆದ ನಿನ್ನಂಥ ಪ್ರಾಮಾಣಿಕನನ್ನು ಮರೆಯಲಾರೆ, ಏನು ಬೇಕೋ ಕೇಳು ಎಂದ. ಟಾರ್ಮೊ ಬುಧವಾರ ಸಂಜೆ ಐದು ಗಂಟೆಯ ಐಸ್ ಎಂದ. ಒಸ್ಮೊ ಅಲ್ಲಿಯೇ ಫೋನ್ ತೆಗೆದು, ಇಡೀ ವರ್ಷಕ್ಕೆ ಬರೆಸಿಬಿಟ್ಟ, ಸೂರ್ನಿಯೆಮಿಯ ಹಾಲಿನಲ್ಲಿ. ನಲವತ್ತಾರು ಕಿಲೋಮೀಟರ್.

ಬುಧವಾರ ಟಾರ್ಮೊ ಶಾಲೆಯ ಚಿಕ್ಕ ಬಸ್ಸಿನಲ್ಲಿ ಹನ್ನೊಂದು ಮಕ್ಕಳನ್ನೂ, ತನ್ನ ಜೊತೆ ಮಾತು ಬಿಟ್ಟಿದ್ದ ನಾಲ್ವರು ತಾಯಂದಿರನ್ನೂ ಕೂರಿಸಿಕೊಂಡು, ಹಿಮದ ಗಾಳಿಯಲ್ಲಿ ಒಂದೂಕಾಲು ಗಂಟೆ ಗಾಡಿ ಓಡಿಸಿ ಸೂರ್ನಿಯೆಮಿ ಮುಟ್ಟಿದ. ಮಕ್ಕಳೆಲ್ಲ ದಾರಿಯಲ್ಲೇ ನಿದ್ದೆ ಹೋಗಿದ್ದವು. ಒಸ್ಮೊ ಬಾಗಿಲಲ್ಲೇ ಕಾಯುತ್ತಿದ್ದ. ಕಾಲಬುಡದಲ್ಲಿ ಬಾಳೆಹಣ್ಣು ಬರುವ ನಾಲ್ಕು ದೊಡ್ಡ ರಟ್ಟಿನ ಡಬ್ಬಗಳು, ಅವುಗಳ ತುಂಬ ಹಳೆಯ ಫೋಟೋಗಳು.

"ಮುಂದಿನ ವರ್ಷ ನಮ್ಮ ಕ್ಲಬ್ಬಿಗೆ ತೊಂಬತ್ತು," ಎಂದ ಒಸ್ಮೊ ಪ್ರೀತಿಯಿಂದ. "ಇವರೆಲ್ಲ ಯಾರು ಅಂತ ನಮ್ಮೂರಲ್ಲಿ ಯಾರಿಗೂ ಗೊತ್ತಿಲ್ಲ. ಐಸ್ ಪಟ್ಟಿಗೆ ಸಹಿ ಹಾಕೋದು ನಾನೇ, ನೀನೇನೂ ಚಿಂತೆ ಮಾಡ್ಬೇಡ."