ಸಾವಕಾರರ ಸಕ್ಕರೆ ಎಲ್ಲಿ ಹೋಯಿತು?

ನಿಪ್ಪಾಣಿ ಸೀಮೆಯಲ್ಲಿ ನಮ್ಮ ಮನೆತನಕ್ಕೆ ಮೂರು ತಲೆಮಾರಿನ ಹೆಸರಿದೆ. ಅಜ್ಜ ಪಂಚರಲ್ಲಿ ಒಬ್ಬರು. ಅವರ ಮಾತಿಗೆ ಕನ್ನಡದವರೂ ಮರಾಠಿಯವರೂ ಎದುರಾಡುತ್ತಿರಲಿಲ್ಲ. ತಂದೆ ಹೆಡ್‌ಮಾಸ್ತರರು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿ, ಚಿಕ್ಕೋಡಿಯ ಆಸ್ಪತ್ರೆಯೊಂದರಲ್ಲಿ ಮೇಟ್ರನ್ ಆದವಳು. ಇಂಥ ಮನೆಯವಳಿಗೂ ನಗೆಪಾಟಲಿನ ಪ್ರಸಂಗಗಳು ತಪ್ಪಲಿಲ್ಲ. ತೊಂಬತ್ತರ ದಶಕದಲ್ಲಿ ಅಂಕಲಿ ಕಡೆಯಿಂದ ನಮ್ಮ ಆಸ್ಪತ್ರೆಗೆ ಬರುತ್ತಿದ್ದ ಒಬ್ಬ ಕಬ್ಬಿನ ಸಾವಕಾರರಿಂದ ಒದಗಿದವನ್ನಷ್ಟೇ ಹೇಳುತ್ತೇನೆ.

೧. ಬೀಗರ ಆಗ್ರಹ

ಸಾವಕಾರರು ಬಹಳ ದಪ್ಪ. ಜೊತೆಗೆ ಸಕ್ಕರೆ ಕಾಯಿಲೆ. ಮುಂಬಯಿಗೆ ಹೋಗಿ, ಹೊಟ್ಟೆಯನ್ನು ಬಟ್ಟಲಿನಷ್ಟು ಸಣ್ಣದು ಮಾಡಿ ಕರುಳನ್ನು ಅದಕ್ಕೆ ಹೊಸದಾಗಿ ಜೋಡಿಸುವ ಆಪರೇಷನ್ ಮಾಡಿಸಿಕೊಂಡು ಬಂದರು. ಸದಲಗಾದ ಬೀಗರು ಊಟಕ್ಕೆ ಕರೆದರು. ಅರ್ಧ ಚಪಾತಿಗೇ ಇವರು ಕೈ ತೊಳೆದರು.

"ಯಾಕ್ರಿ, ನಮ್ಮ ಅಡಿಗಿ ಸೇರಲಿಲ್ಲೇನ್ರಿ?"

"ಹೊಟ್ಟಿ ಸಣ್ಣದ ಮಾಡಿಸೇನ್ರಿ ಬೀಗರ, ಜಾಗಾನ ಇಲ್ಲ."

"ಹಸಿವು ಕಳಕೊಳ್ಳಾಕ ಮುಂಬೈಗೆ ಹೋಗಿದ್ರೇನ್ರಿ? ನಮ್ಮ ಮನಿಯಾಕಿ ಕೈಯಾಗ ಒಂದ ವಾರ ಉಂಡಿದ್ರ ಹಸಿವು ಪುಕ್ಕಟ ಹೋಗತಿತ್ತ!"

೨. ಮೈಮೇಲೆ ಬಂದದ್ದು

ಇಂಥ ಆಪರೇಷನ್ ಆದವರು ಸಿಹಿ ತಿಂದರೆ ಅದು ಸರ್ರನೆ ಕರುಳಿಗಿಳಿದು ಬೆವರು, ನಡುಕ ಬರುವುದುಂಟು. ನಾನು ಸ್ಪಷ್ಟವಾಗಿ ಎಚ್ಚರಿಸಿದ್ದೆ. ಆದರೂ ಸಾವಕಾರರು ಒಂದು ದೊಡ್ಡ ಬಟ್ಟಲು ಬಾಸುಂದಿ ಕುಡಿದರು. ಮೈಯೆಲ್ಲ ಗಡಗಡ ನಡುಗಿತು. ಅವರ ಸೋದರತ್ತೆ ದೇವಿಯ ಭಂಡಾರದ ಅರಿಸಿನ ಹಿಡಿದು ಓಡಿಬಂದರು.

"ಕೊಕಟನೂರ ಎಲ್ಲಮ್ಮ ಬಂದಾಳ! ಏನ ಬೇಕವ್ವಾ ತಾಯಿ ನಿನಗ?"

ಸಾವಕಾರರು ಹಲ್ಲು ಕಟಕಟಿಸುತ್ತ, "ಬಾಸುಂದಿ... ಅತ್ತಿ, ಬಾಸುಂದಿ..." ಎಂದರು.

ಅತ್ತೆ ಇನ್ನೊಂದು ಬಟ್ಟಲು ತಂದಿಟ್ಟರು.

೩. ನೀಲಿ ಮತ್ತು ಕೆಂಪು

ಆಗ ನಾವು ಮೂತ್ರವನ್ನು ನೀಲಿ ಔಷಧದೊಡನೆ ಗಾಜಿನ ನಳಿಕೆಯಲ್ಲಿ ಕಾಯಿಸುತ್ತಿದ್ದೆವು. ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ. ಇಟ್ಟಿಗೆಯಂತೆ ಕೆಂಪಾದರೆ ವಿಪರೀತ. ಸಾವಕಾರರ ಹೊಟ್ಟೆ ಇನ್ನೂ ಇಳಿದಿರಲಿಲ್ಲ, ನಳಿಕೆ ಮಾತ್ರ ನೀಲಿ. ಕರುಳಿನ ದಾರಿ ಬದಲಾದರೆ ತೂಕಕ್ಕಿಂತ ಮೊದಲೇ ಸಕ್ಕರೆ ಇಳಿಯುತ್ತದೆಂದೂ, ಸಕ್ಕರೆ ಕಾಯಿಲೆಯ ಹಳೆಯ ಗುಳಿಗೆ ನುಂಗುತ್ತ ಹೋದರೆ ರಕ್ತದ ಸಕ್ಕರೆ ಪೂರಾ ಕುಸಿದು ಪ್ರಾಣಕ್ಕೇ ಕುತ್ತೆಂದೂ ಡಾಕ್ಟರು ಹೇಳಿದರು.

ಸಾವಕಾರರ ತಮ್ಮ ಒಪ್ಪಲಿಲ್ಲ. ದಿನವೂ ತಾನೇ ನಿಂತು ಅಣ್ಣನಿಗೆ ಗುಳಿಗೆ ನುಂಗಿಸುತ್ತಿದ್ದ. ಜನ ತುಂಬಿದ ಆಸ್ಪತ್ರೆಯ ವರಾಂಡಾದಲ್ಲಿ ಕೂಗಿದ: "ಹೊಟ್ಟಿ ಡೊಳ್ಳಿನಂಗ ಐತಿ, ಸಕ್ಕರಿ ಹೆಂಗ ಹೋತರಿ? ಈ ನರ್ಸಬಾಯಾರು ಬರೇ ನೀರ ಕಾಸ್ಯಾರ!"

ಮರುವಾರ ಅವನೇ ಮೂತ್ರದ ಬಾಟಲಿ ತಂದ. "ಅಣ್ಣಂದ ಐತ್ರಿ, ನೋಡ್ರಿ."

ಕಾಯಿಸಿದೆ. ಇಟ್ಟಿಗೆ ಕೆಂಪು! ನಾನು ಗಾಬರಿಯಾದೆ. ಅವನು ಚಪ್ಪಾಳೆ ತಟ್ಟಿದ.

"ಸಿಕ್ಕಬಿದ್ರಿ ನೋಡ್ರಿ ನರ್ಸಬಾಯಾರ! ಅದು ನಂದು! ನಾ ಕಲ್ಲಿನಂಗ ಅದೇನಿ, ನನಗೆಲ್ಲಿ ಸಕ್ಕರಿ?"

ಡಾಕ್ಟರು ಇಬ್ಬರ ರಕ್ತವನ್ನೂ ತೆಗೆಸಿದರು. ಅಣ್ಣನಿಗೆ ಸಕ್ಕರೆಯಿಲ್ಲ, ತಮ್ಮನಿಗೆ ಬೇಕಾದಷ್ಟು. ಅಣ್ಣನ ಗುಳಿಗೆ ನಿಲ್ಲಿಸಿ, ಅದನ್ನೇ ತಮ್ಮನಿಗೆ ಬರೆದರು.

ಸಾವಕಾರರು ಡಬ್ಬಿಯನ್ನು ತಮ್ಮನ ಕೈಗಿಟ್ಟರು. "ಪಾಲ ಬೇಕ ಪಾಲ ಬೇಕ ಅಂತಿದ್ದೆಲ್ಲೋ ತಮ್ಮಾ? ತಗೋ, ಪೂರ್ತಿ ನಿನಗ!"

ವರಾಂಡಾವೇ ನಕ್ಕಿತು. ನಾನು ನಗಲಿಲ್ಲ. ನೀರು ಕಾಯಿಸಿದಳೆಂಬ ಮಾತನ್ನು ಆ ತಮ್ಮ ಅಲ್ಲಿಯೇ, ಎಲ್ಲರೆದುರು ಆಡಿದ್ದು. ಅಲ್ಲಿಯೇ, ಎಲ್ಲರೆದುರು ಕ್ಷಮೆ ಕೇಳಬೇಕು ಎಂದು ಪಟ್ಟು ಹಿಡಿದು ನಿಂತೆ.