ಜೋಳದ ದಿಂಡೋ, ಬ್ರಯರ್ ಬೇರೋ?

ನನ್ನ ಷಡ್ಡಕರ ಕೈಯಲ್ಲಿ ಪಾಸಾಗುವುದಕ್ಕಿಂತ ಐ.ಎ.ಎಸ್. ಪಾಸಾಗುವುದು ಸುಲಭ ಎಂದು ನಾನು ಹೇಳಿದರೆ ನೀವು ಉತ್ಪ್ರೇಕ್ಷೆ ಎನ್ನುತ್ತೀರಿ. ಅನ್ನಿ. ನಿಮ್ಮನ್ನು ಅವರು ಇನ್ನೂ ಅಳೆದು ನೋಡಿಲ್ಲ!

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಯಜಮಾನರು, ನನಗೆ ಭಾವ. ಯಲಹಂಕದಲ್ಲಿ ಮನೆ. ಯಶವಂತಪುರದ ಆಚೆಯ ಒಂದು ಕಾರ್ಖಾನೆಯ ಇನ್ಸ್‌ಪೆಕ್ಷನ್ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ದುಡಿದು ನಿವೃತ್ತರಾದವರು. ಉಳಿದವರೆಲ್ಲ ಬೆವರು ಸುರಿಸಿ ಮಾಡಿದ್ದನ್ನು ತಣ್ಣಗೆ ಕೂತು ಅಳೆಯುವುದು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಚೀಟಿ ಕಟ್ಟಿ ವಾಪಸ್ಸು ಕಳಿಸುವುದು, ಇದು ಅವರ ಉದ್ಯೋಗವಾಗಿತ್ತು. ಕಾರ್ಖಾನೆಯವರು ಹಾರ ಹಾಕಿ ಮನೆಗೆ ಕಳಿಸಿದರು. ಹಾರವನ್ನು ಅಲ್ಲೇ ಬಿಟ್ಟು ಉದ್ಯೋಗವನ್ನು ಮಾತ್ರ ಮನೆಗೆ ತಂದುಬಿಟ್ಟರು!

ಅವರ ಜುಬ್ಬದ ಜೇಬಿನಲ್ಲಿ ಉಳಿದವರಿಗೆ ಪೆನ್ನು ಇರುವ ಜಾಗದಲ್ಲಿ ಒಂದು ವರ್ನಿಯರ್ ಇರುತ್ತದೆ. ಗುಲಗಂಜಿ ತೂಗುವ ಅಕ್ಕಸಾಲಿಗನೂ ನಾಚಬೇಕು, ಅಷ್ಟು ಸೂಕ್ಷ್ಮವಾಗಿ ದಪ್ಪ ಅಳೆಯುವ ಉಪಕರಣ. ಒಮ್ಮೆ ಹೋಟೆಲಿನಲ್ಲಿ ನನ್ನೆದುರೇ ಎರಡು ಇಡ್ಲಿಗಳ ದಪ್ಪ ಅಳೆದು ಮಾಣಿಯನ್ನು ಕರೆದರು.

"ಏನಪ್ಪಾ, ಇವೆರಡೂ ಒಂದೇ ಪಾತ್ರೇಲಿ ಬೆಂದಿದ್ದಾ?"

"ಹೌದು ಸಾರ್."

"ನಾಲ್ಕು ಮಿಲಿಮೀಟರ್ ವ್ಯತ್ಯಾಸ ಇದೆಯಲ್ಲಯ್ಯಾ!"

ಮಾಣಿ ಪಳಗಿದವನು. "ದಪ್ಪಗಿರೋದನ್ನ ಎರಡು ತುತ್ತು ತಿನ್ನಿ ಸಾರ್, ಸರಿಹೋಗುತ್ತೆ," ಎಂದು ಸಾಂಬಾರು ಬಡಿಸಿ ಹೊರಟುಹೋದ. ಭಾವ ಕೋಪಿಸಿಕೊಂಡರೇ? ಇಲ್ಲ! ಬಹಳ ದಿನ ಅವನ ಗುಣಗಾನ ಮಾಡಿದರು. "ನಮ್ಮ ಇಂಜಿನಿಯರುಗಳಿಗೆ ಹೊಳೀದೇ ಇದ್ದದ್ದು ಅವನಿಗೆ ಹೊಳೀತು ಕಣಯ್ಯಾ!" ಇದೇ ಅವರ ದೊಡ್ಡತನ. ತಪ್ಪು ಹುಡುಕುವವರು ಸಾವಿರ ಜನ ಸಿಗುತ್ತಾರೆ. ಸರಿಯಾದ ಉತ್ತರ ಸಿಕ್ಕಿದಾಗ ಮಗುವಿನಂತೆ ಸಂತೋಷಪಡುವವರು ಎಷ್ಟು ಜನ?

ಇಂಥವರಿಗೆ ಒಂದು ಚಟ ಇತ್ತು. ಪೈಪು. ಬೀಡಿ ಸಿಗರೇಟುಗಳನ್ನು ಅವರು ಯೌವನದಲ್ಲೇ 'ಗಾತ್ರದಲ್ಲಿ ಶಿಸ್ತಿಲ್ಲ' ಎಂದು ತಿರಸ್ಕರಿಸಿ, ಬ್ರಯರ್ ಎಂಬ ಮರದ ಪೈಪನ್ನು ಹಿಡಿದಿದ್ದರು. ಯಾವುದೋ ದೇಶದ ಕಡಲ ದಂಡೆಯ ಪೊದೆಯೊಂದರ ಬೇರುಗಡ್ಡೆಯಿಂದ ಕೊರೆದದ್ದು. ಬೆಂಕಿಗೆ ಜಗ್ಗುವುದಿಲ್ಲ. ದಿನಾ ಸಂಜೆ ಕಾಫಿ ಆದ ಮೇಲೆ ಅಂಗಳದ ಮೆಟ್ಟಿಲ ಮೇಲೆ ಕೂತು ಅದಕ್ಕೆ ತಂಬಾಕು ತುಂಬಿ, ಹೆಬ್ಬೆರಳಿನಿಂದ ಅದುಮಿ, ಹಚ್ಚುತ್ತಿದ್ದ ಗಾಂಭೀರ್ಯ ನೋಡಿದರೆ ಹೋಮಕ್ಕೆ ಕೂತವರೂ ಎದ್ದು ಜಾಗ ಬಿಡಬೇಕು. ಮೆಟ್ಟಿಲೇ ಏಕೆಂದರೆ ಅತ್ತಿಗೆಯ ಶಾಸನ: "ಹೊಸ್ತಿಲಿಂದಾಚೆ ನೀವು, ನಿಮ್ಮ ಹೊಗೆ. ಈಚೆ ನಾನು, ನನ್ನ ದೇವರು." ಮೂವತ್ತೊಂದು ವರ್ಷ ಈ ಗಡಿರೇಖೆ ಒಮ್ಮೆಯೂ ಉಲ್ಲಂಘನೆಯಾಗಲಿಲ್ಲ. ಯಾವ ರಾಷ್ಟ್ರಗಳು ಹೀಗೆ ಬಾಳಿವೆ, ಹೇಳಿ!

ಎರಡು ಸಾವಿರದ ಹದಿಮೂರರಲ್ಲಿ ಒಂದು ಸಂಜೆ ಅದೇ ಮೆಟ್ಟಿಲ ಮೇಲೆ ಭಾವ ಎದೆ ಹಿಡಿದುಕೊಂಡು ಕುಸಿದರು. ಬಾಯಲ್ಲಿದ್ದ ಪೈಪು ಕಲ್ಲಿನ ಮೇಲೆ ಬಿದ್ದು ಬಟ್ಟಲಿನ ಉದ್ದಕ್ಕೂ ಸೀಳಿತು. ಹೆಬ್ಬಾಳದ ಆಸ್ಪತ್ರೆಯಲ್ಲಿ ಎರಡು ಸ್ಟೆಂಟು ಹಾಕಿದರು. ಪ್ರಜ್ಞೆ ಬಂದೊಡನೆ ಭಾವ ವೈದ್ಯರನ್ನು ಕೇಳಿದ ಮೊದಲ ಪ್ರಶ್ನೆ, "ಇದರ ಬಾಳಿಕೆ ಎಷ್ಟು ಡಾಕ್ಟ್ರೇ?"

ವೈದ್ಯರು ಚಿಕ್ಕ ವಯಸ್ಸಿನವರು, ನಗುಮುಖದವರು. ಧೈರ್ಯ ತುಂಬಲೆಂದು, "ಯೋಚನೆ ಮಾಡ್ಬೇಡಿ ಸಾರ್. ಅದು ನಿಮಗಿಂತ ಜಾಸ್ತಿ ದಿನ ಇರುತ್ತೆ," ಎಂದರು. ಹೊಗೆ ಪೂರ್ತಿ ನಿಲ್ಲಿಸಬೇಕು ಎಂದೂ ಹೇಳಿದರು. ಎರಡನೆಯ ಮಾತು ಭಾವನ ಕಿವಿಗೆ ಬೀಳಲಿಲ್ಲ. ಮೊದಲನೆಯದು ನೇರ ಎದೆಗೆ ಇಳಿದು ಸ್ಟೆಂಟಿನ ಪಕ್ಕದಲ್ಲೇ ಕೂತುಬಿಟ್ಟಿತು.

ಮನೆಗೆ ಬಂದ ಮೇಲೆ ಶುರುವಾಯಿತು ಹೊಸ ಸಿದ್ಧಾಂತ. ಯಂತ್ರಕ್ಕಿಂತ ಬಿಡಿಭಾಗ ಹೆಚ್ಚು ಕಾಲ ಬಾಳಿದರೆ ಅದು ದುಂದು! ಮನೆಗೆ ಬಣ್ಣ ಬಳಿಯುವವನು ಹತ್ತು ವರ್ಷದ ಗ್ಯಾರಂಟಿ ಬಣ್ಣ ತೋರಿಸಿದ. "ಮೂರು ವರ್ಷದ್ದು ತೋರ್ಸಪ್ಪಾ." ಚಪ್ಪಲಿ ಅಂಗಡಿಯಲ್ಲಿ ಅಟ್ಟೆ ಒತ್ತಿ ನೋಡಿ, "ಇಷ್ಟು ಗಟ್ಟಿ ಇರೋದು ಬೇಡ." ಮಾರಾಟಗಾರರ ಇತಿಹಾಸದಲ್ಲೇ ಇಂಥ ಗಿರಾಕಿ ಬಂದಿರಲಿಲ್ಲ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನಾನಂತೂ ಇದನ್ನು ಆರ್.ಟಿ. ನಗರದ ನಮ್ಮ ರಸ್ತೆಯವರಿಗೆಲ್ಲ ಹೇಳಿ ಕೀರ್ತಿ ಸಂಪಾದಿಸಿದೆ.

ಪೈಪಿನ ಪ್ರಶ್ನೆ ಬಂದದ್ದು ಈ ಘಟ್ಟದಲ್ಲಿ. ಆಸ್ಪತ್ರೆಯಿಂದ ಬಂದ ಮೇಲೆ ಭಾವ ಸೇದಿರಲಿಲ್ಲ. ಸೇದಲು ಪೈಪೇ ಇರಲಿಲ್ಲ. ಈಗ ಹೊಸದು ಬೇಕೆಂದರು. ದಿನಕ್ಕೆ ಒಂದೇ ಸಲ, ಸಂಜೆ ಮಾತ್ರ. ಆದರೆ ಯಾವುದು?

"ನೋಡಯ್ಯಾ," ನನ್ನನ್ನು ಕೂರಿಸಿಕೊಂಡು ಉಪದೇಶ ಮಾಡಿದರು. "ಬ್ರಯರ್ ಅಂದ್ರೆ ಸಂಸಾರ ಇದ್ದ ಹಾಗೆ. ಮೊದಮೊದಲು ಅರ್ಧ ಬಟ್ಟಲು ತುಂಬಿ, ನಿಧಾನಕ್ಕೆ ಸೇದಿ, ಒಳಗೆ ಇದ್ದಿಲಿನ ಪದರ ಕಟ್ಟೋವರ್ಗೂ ಕಾಯ್ಬೇಕು. ಒಂದು ದಿನ ಸೇದಿದ್ರೆ ಒಂದು ದಿನ ವಿಶ್ರಾಂತಿ ಕೊಡ್ಬೇಕು. ಅಷ್ಟೆಲ್ಲ ಮಾಡಿದ್ರೆ ಐವತ್ತು ವರ್ಷ ಜೊತೆಗಿರುತ್ತೆ. ಇನ್ನೊಂದು ಜೋಳದ ದಿಂಡಿನ ಪೈಪು. ಕಾರ್ನ್ ಕಾಬ್ ಅಂತಾರೆ. ಅಗ್ಗ. ಹಗುರ. ಪಳಗಿಸೋ ತಾಪತ್ರಯ ಇಲ್ಲ, ಮೊದಲ ದಿನದಿಂದ್ಲೇ ತಣ್ಣಗೆ ಹೊಗೆ ಕೊಡುತ್ತೆ. ಒಂದು ವರ್ಷ, ಹೆಚ್ಚಂದ್ರೆ ಒಂದೂವರೆ. ಆಮೇಲೆ ಸುಟ್ಟು ತೂತಾಗುತ್ತೆ, ಬಿಸಾಡೋದು."

"ಹಾಗಾದ್ರೆ ಬ್ರಯರೇ ತಗೊಳ್ಳಿ ಭಾವ. ಒಳ್ಳೇದು."

"ಎಪ್ಪತ್ತೆರಡಕ್ಕೆ ಐವತ್ತು ಕೂಡಿಸಯ್ಯಾ, ಎಷ್ಟಾಯ್ತು?" ಎಂದು ನಕ್ಕರು. ನಾನೂ ನಕ್ಕೆ.

ಕಾಫಿ ಲೋಟ ತೆಗೆದುಕೊಂಡು ಹೋಗಲು ಬಂದ ಅತ್ತಿಗೆ ನಗಲಿಲ್ಲ. ನಾನು ಹೊರಡುವಾಗ ಗೇಟಿನವರೆಗೂ ಬಂದರು.

"ನೀವು ಹಿಂಗೆ ನಗ್ತಾ ಇರ್ಬೇಡಿ. ಬಣ್ಣದವನ್ನ ವಾಪಸ್ ಕಳಿಸಿದಾಗ್ಲೇ ನನಗೆ ಗೊತ್ತಾಯ್ತು. ಒಳಗೊಳಗೇ ದಿನ ಎಣಿಸ್ತಾ ಇದ್ದಾರೆ. ಇವತ್ತು ಒಂದು ವರ್ಷದ ಪೈಪು ಅಂತಾರೆ, ನಾಳೆ ಆರು ತಿಂಗಳ ಗುಳಿಗೆ ಸಾಕು ಅಂತಾರೆ. ಅವ್ರಿಗೆ ಬ್ರಯರ್ ಕೊಡ್ಸಿ."

ನನಗೆ ತಲೆ ತಿರುಗಿತು. ಮೂವತ್ತೊಂದು ವರ್ಷ ಹೊಗೆಯನ್ನು ಹೊಸ್ತಿಲು ದಾಟಿಸದ ಮಹಾತಾಯಿ ಪೈಪಿನ ಪರ ವಕಾಲತ್ತು!

"ಅಲ್ಲ ಅತ್ತಿಗೆ, ಸೇದೋದೇ ತಪ್ಪು ಅಂತ ಡಾಕ್ಟ್ರು..."

"ಸೇದೋದು ಬಿಡ್ಸೋಕೆ ಆಮೇಲೆ ಜಗಳ ಆಡ್ತೀನಿ. ಮೊದ್ಲು ಈ ಮನುಷ್ಯ ಇನ್ನೂ ಇರ್ತೀನಿ ಅಂತ ಒಪ್ಕೊಳ್ಳಲಿ."

ಆ ದಿನದಿಂದ ನಾನು ಬ್ರಯರ್ ಪಕ್ಷ. ಆದರೆ ಎದುರಾಳಿ ಸುಮ್ಮನಿರುವವರೇ? ಹೊರದೇಶದ ಜೋಳದ ಪೈಪೇ ಏಕೆ, ನಮ್ಮ ಬಾಗಲೂರಿನ ಕಡೆ ಮುಸುಕಿನ ಜೋಳ ಬೆಳೆಯುವುದಿಲ್ಲವೇ ಎಂಬ ಸ್ವದೇಶಿ ಚಿಂತನೆ ಅವರಿಗೆ ಹುಟ್ಟಿತು. ಒಂದು ಬೆಳಿಗ್ಗೆ ನನ್ನ ಸ್ಕೂಟರಿನ ಹಿಂದೆ ಕೂತು ಬಾಗಲೂರಿಗೆ ಹೊರಟರು. ರಸ್ತೆ ಬದಿಯ ಹೊಲವೊಂದಕ್ಕೆ ಇಳಿದವರೇ ವರ್ನಿಯರ್ ತೆಗೆದು ತೆನೆಗಳ ಸುತ್ತಳತೆ ನೋಡತೊಡಗಿದರು. ನಾನು ನೋಟ್‌ಬುಕ್ ಹಿಡಿದು ಹಿಂದೆ ನಿಂತಿದ್ದೆ. ವಿಮಾನ ನಿಲ್ದಾಣಕ್ಕೆಂದು ಜಮೀನುಗಳು ಹೋದ ಮೇಲೆ ಆ ಕಡೆ ಅಳತೆ ಸಾಮಾನು ಹಿಡಿದವರನ್ನು ಕಂಡರೆ ಜನಕ್ಕೆ ಏನಾಗುತ್ತದೆ ಎಂದು ಇಬ್ಬರು ವಿದ್ಯಾವಂತರಿಗೂ ಹೊಳೆಯಲಿಲ್ಲ! ಹೊಲದ ಯಜಮಾನ ಕುಡುಗೋಲು ಹಿಡಿದೇ ಓಡಿಬಂದ.

"ಯಾರ್ ಸಾಮಿ ನೀವು? ಇಂಗೆ ಯೋಳ್ದೆ ಕೇಳ್ದೆ ಒಲಕ್ಕೆ ಇಳಿಯಾದಾ? ಇಷ್ಟ್ ದಿನ ನೆಲ ಅಳೀತಿದ್ರಿ, ಈಗ ತೆನೆನೂ ಅಳ್ಯಾಕ್ ಬಂದ್ರಾ?"

ಸಮಾಧಾನ ಮಾಡುವಷ್ಟರಲ್ಲಿ ನನ್ನ ಅರ್ಧ ಆಯುಷ್ಯ ಮುಗಿಯಿತು. ಕೊನೆಗೆ ವಿಷಯ ತಿಳಿದಾಗ ಆತ ಭಾವನನ್ನು ಬಹಳ ಕರುಣೆಯಿಂದ ನೋಡಿ, ನನ್ನನ್ನು ಪಕ್ಕಕ್ಕೆ ಕರೆದು, "ಯಜಮಾನ್ರುನ್ನ ಒಬ್ರುನ್ನೇ ಬಿಡ್‌ಬ್ಯಾಡಿ ಸಾಮಿ," ಎಂದ. ಆರು ಒಣ ದಿಂಡುಗಳನ್ನು ಪುಕ್ಕಟೆ ಕೊಟ್ಟ.

ಭಾವ ಅದರಲ್ಲಿ ಒಂದನ್ನು ಕೊರೆದು, ಬಿದಿರಿನ ಕೊಳವೆ ಸಿಕ್ಕಿಸಿ, ತಂಬಾಕು ತುಂಬುವ ಮೊದಲು ಪರೀಕ್ಷೆಗೆಂದು ಒಣ ಪುದೀನ ಸೊಪ್ಪು ತುಂಬಿ ಹಚ್ಚಿದರು. ಪೈಪಿಗೆಂದೇ ಬೆಳೆಸಿ, ವರ್ಷಗಟ್ಟಲೆ ಒಣಗಿಸಿದ ಗಟ್ಟಿ ದಿಂಡು ಬೇರೆ, ನಮ್ಮ ಸುಟ್ಟು ತಿನ್ನುವ ಜೋಳದ ದಿಂಡು ಬೇರೆ. ಎರಡೇ ನಿಮಿಷದಲ್ಲಿ ಪುದೀನ ಹಾಗೇ ಉಳಿದು ಪೈಪು ಉರಿದುಹೋಯಿತು! ಕಿಡಿ ಬಿದ್ದು ಬನಿಯನ್ನಿನಲ್ಲಿ ಕಾಸಗಲದ ತೂತು. ಭಾವ ಸುಟ್ಟ ಬೆರಳಿಗೆ ಉಫ್ ಎಂದು ಊದಿಕೊಳ್ಳುತ್ತಾ ಆ ತೂತನ್ನೂ ಅಳೆದರು ಎಂದರೆ ನೀವು ನಂಬಬೇಕು.

ಹೀಗಾಗಿ ಅಂಗಡಿಗೇ ಹೋಗಬೇಕಾಯಿತು. ದಂಡಿನ ಕಡೆ, ಶಿವಾಜಿನಗರದ ಹತ್ತಿರ, ಒಂದು ಹಳೆಯ ತಂಬಾಕಿನ ಅಂಗಡಿ. ನಡೆಸುವವರು ಬಿಳಿ ಗಡ್ಡದ ಒಬ್ಬ ಸಾಹೇಬರು. ಅತ್ತಿಗೆ, "ನಾನೂ ಬರ್ತೀನಿ," ಎಂದು ಮಲ್ಲಿಗೆ ಮುಡಿದು ಹೊರಟೇಬಿಟ್ಟರು. ಆ ಅಂಗಡಿಯ ಮೆಟ್ಟಿಲನ್ನು ಮಲ್ಲಿಗೆ ಮುಡಿದ ಹೆಂಗಸು ಹತ್ತಿದ್ದು ಅದೇ ಮೊದಲಿರಬೇಕು. ಸಾಹೇಬರು ಗಡಬಡಿಸಿ ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು.

ಮೊದಲು ಬ್ರಯರ್ ಬಂತು. ಭಾವ ತೂಕ ನೋಡಲೆಂದು ಹಲ್ಲಲ್ಲಿ ಕಚ್ಚಿ ಹಿಡಿದು, ಎರಡೂ ಕೈ ಬಿಟ್ಟು, ಕನ್ನಡಿಯ ಮುಂದೆ ಗಂಭೀರವಾಗಿ ನಿಂತರು. ಭಾವ ಈಚೆಗಷ್ಟೇ ಹಲ್ಲು ಕಟ್ಟಿಸಿದ್ದರು ಎಂಬುದನ್ನು ಹೇಳಲು ಮರೆತಿದ್ದೆ. ಪೈಪು ಮೆಲ್ಲನೆ ಬಾಗಿತು. ಅದರ ಹಿಂದೆಯೇ ಕೆಳಗಿನ ಸಾಲು ಇಡಿಯಾಗಿ ಹೊರಟು ಮೇಜಿನ ಗಾಜಿನ ಮೇಲೆ ಟಣ್ಣೆಂದು ಕೂತಿತು. ಸಾಹೇಬರು ಒಂದಿಷ್ಟೂ ವಿಚಲಿತರಾಗದೆ, "ಇದು ನಿಮ್ದೇ ಸಾಬ್. ಪೈಪಿನ ಜೊತೆ ಕೊಡಲ್ಲ," ಎಂದು ಬಟ್ಟೆಯಲ್ಲಿ ಹಿಡಿದು ಮರಳಿಸಿದರು.

ಭಾವನಿಗೆ ಗೆಲುವಿನ ಕಳೆ. "ನೋಡಿದ್ಯಾ? ಭಾರ! ಜೋಳದ್ದೇ ಕೊಡಿ ಸಾಹೇಬ್ರೇ."

"ಸ್ವಲ್ಪ ಇರಿ," ಎಂದರು ಅತ್ತಿಗೆ. "ಈ ಮರದ್ದು ಎಷ್ಟು ವರ್ಷ ಬರುತ್ತೆ?"

"ಅಮ್ಮಾ, ನಮ್ಮ ಅಬ್ಬಾದು ಈಗ ನನ್ನತ್ರ ಇದೆ."

"ಅದೇ ಕೊಡಿ. ಕೈಯಲ್ಲಿ ಹಿಡ್ಕೊಂಡು ಸೇದ್ತಾರೆ."

"ಬೇಡ ಕಣೇ. ನನಗ್ಯಾಕೆ ಅಷ್ಟು ವರ್ಷದ್ದು?" ಭಾವ ಎಂದಿನಂತೆ ನಗಲು ನೋಡಿದರು. ಯಾರೂ ಜೊತೆಗೂಡಲಿಲ್ಲ. "ಒಂದು ವರ್ಷದ್ದು ಸಾಕು. ಅದು ಮುಗಿಯೋದೂ ನಾನು ಮುಗಿಯೋದೂ ಸರಿಹೋಗುತ್ತೆ."

ಸಾಹೇಬರು ತಲೆ ತಗ್ಗಿಸಿ ಗಾಜು ಒರೆಸಿದರು. ನಾನು ಬ್ರಯರ್ ಪಕ್ಷದವನು, ಒಂದು ವಾದವನ್ನಾದರೂ ಹೂಡಬೇಕಿತ್ತು. ಗೋಡೆಯ ಬೆಲೆಪಟ್ಟಿ ಓದತೊಡಗಿದೆ.

ಅತ್ತಿಗೆ ಜೋಳದ ಪೈಪನ್ನು ಕೈಗೆತ್ತಿಕೊಂಡರು. ಜೀವಮಾನದಲ್ಲಿ ಮೊದಲ ಬಾರಿ ಒಂದು ಪೈಪನ್ನು ಮುಟ್ಟಿದ್ದು. ಹಿಂದೆ ಮುಂದೆ ತಿರುಗಿಸಿ, ಬಟ್ಟಲಿನೊಳಗೆ ಇಣುಕಿ ನೋಡಿದರು.

"ಇದು ಯಾಕೆ ವರ್ಷಕ್ಕೇ ಹಾಳಾಗುತ್ತೆ?"

"ಬೆಂಕಿಗೆ ಅಮ್ಮಾ. ದಿನಾ ಸುಟ್ಟೂ ಸುಟ್ಟೂ ತಳ ಹೋಗುತ್ತೆ."

"ಹಚ್ಚದೇ ಇದ್ರೆ?"

ಸಾಹೇಬರಿಗೆ ಅರ್ಥವಾಗಲಿಲ್ಲ. "ಹಚ್ಚದೇ ಇದ್ರೆ ಅದಕ್ಕೇನಾಗುತ್ತೆ ಅಮ್ಮಾ? ಹಂಗೇ ಇರುತ್ತೆ. ನೂರು ವರ್ಷ ಇರುತ್ತೆ."

"ಹಾಗಾದ್ರೆ ಇದನ್ನೇ ಕೊಡಿ." ಅತ್ತಿಗೆ ಭಾವನ ಕಡೆ ತಿರುಗಿದರು. "ರೀ, ಲೆಕ್ಕ ನಿಮ್ಮದೇ. ಇದು ಇರೋವರ್ಗೂ ನೀವು ಇರ್ತೀರಿ ಅಂತ ಈಗ ನಾಲ್ಕು ಜನರ ಮುಂದೆ ಹೇಳಿದ್ದೀರಿ. ಬಾಯಲ್ಲಿಟ್ಕೊಳ್ಳಿ, ಮನೆಯೊಳಗೇ ಕೂತ್ಕೊಳ್ಳಿ, ನಾನು ಏನೂ ಅನ್ನಲ್ಲ. ಕಡ್ಡಿ ಮಾತ್ರ ಗೀರ್ಬೇಡಿ."

ನಾಲ್ಕು ಜನರಲ್ಲಿ ಅವರಿಬ್ಬರೂ ಸೇರಿದ್ದರು. ಭಾವ ತಕರಾರು ತೆಗೆಯಲಿಲ್ಲ. ಆ ಮಾತನ್ನು ಮನಸ್ಸಿನಲ್ಲೇ ಎಲ್ಲ ಮಗ್ಗುಲಿಗೂ ತಿರುಗಿಸಿ ಅಳೆಯುತ್ತಿದ್ದುದು ಅವರ ಹುಬ್ಬಿನಲ್ಲಿ ಕಾಣುತ್ತಿತ್ತು. ಕೂದಲು ತೂರುವಷ್ಟೂ ಸಂದು ಸಿಗಲಿಲ್ಲ. ಕೊನೆಗೆ, "ಕಟ್ಟೋದೇನೂ ಬೇಡ ಸಾಹೇಬ್ರೇ, ಹಾಗೇ ಕೊಡಿ," ಎಂದರು.

"ತಂಬಾಕು ಯಾವುದು ಸಾಬ್?" ಎಂದ ಸಾಹೇಬರು ಅತ್ತಿಗೆಯ ಮುಖ ನೋಡಿ, "ಬೇಡ ಬೇಡ, ಸಮಜ್ ಆಯ್ತು," ಎಂದು ಡಬ್ಬಿಯನ್ನು ಒಳಗಿಟ್ಟರು.

ಇದಾಗಿ ಆರು ವರ್ಷ. ಆ ಪೈಪಿನ ಒಳಗೆ ಇವತ್ತಿಗೂ ಒಂದು ಕಪ್ಪು ಚುಕ್ಕೆ ಇಲ್ಲ. ಆದರೆ ನನಗೆ ಮರೆಯದೇ ಉಳಿದದ್ದು ಅವತ್ತು ಶಿವಾಜಿನಗರದಿಂದ ಯಲಹಂಕದ ಬಸ್ಸು ಹತ್ತಿದ್ದು. ಅತ್ತಿಗೆಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು. ನಾವಿಬ್ಬರೂ ಹಿಂದೆ ನಿಂತೆವು. ಭಾವನ ಬಾಯಲ್ಲಿ ಖಾಲಿ ಪೈಪು. ಕಂಡಕ್ಟರ್ ಬಂದವನೇ, "ಏನ್ ಯಜಮಾನ್ರೇ, ಬಸ್ಸಲ್ಲಿ ಸೇದಂಗಿಲ್ಲ," ಎಂದ.

"ಇದು ಸೇದೋ ಪೈಪಲ್ಲಪ್ಪಾ."

"ಮತ್ತೆ ಇನ್ಯಾಕಿದು?"

ಭಾವ ಗದ್ದದಿಂದ ಮುಂದಿನ ಸೀಟಿನತ್ತ ತೋರಿಸಿ, "ಅಲ್ಲಿ ಮಲ್ಲಿಗೆ ಮುಡ್ಕೊಂಡು ಕೂತಿದ್ದಾರಲ್ಲ, ಅವರನ್ನ ಕೇಳು," ಎಂದರು.

ಮೇಖ್ರಿ ವೃತ್ತದಲ್ಲಿ ಬಸ್ಸು ನಿಂತಾಗ ಅತ್ತಿಗೆ ಜನರ ತಲೆಗಳ ನಡುವೆ ಹಿಂತಿರುಗಿ ನೋಡಿದರು. ಭಾವ ಪೈಪನ್ನು ಎತ್ತಿ ತೋರಿಸಿದರು. ಗಂಗಾನಗರದಲ್ಲೂ ಹಾಗೆಯೇ. ನಾನು ಇಳಿಯಬೇಕಾದ ಸ್ಟಾಪು ಅದು, ಇಳಿಯಲು ಮನಸ್ಸಾಗಲಿಲ್ಲ. ಹೆಬ್ಬಾಳ, ಕೊಡಿಗೇಹಳ್ಳಿ ಗೇಟು, ಬ್ಯಾಟರಾಯನಪುರ. ಪ್ರತಿ ಸ್ಟಾಪಿನಲ್ಲೂ ಅವರು ತಿರುಗಿ ನೋಡುತ್ತಿದ್ದರು. ಎಷ್ಟೇ ನೂಕುನುಗ್ಗಲಿದ್ದರೂ ಇವರು, ಇದ್ದೇನೆ ಎಂಬಂತೆ, ಕೈ ಎತ್ತುತ್ತಿದ್ದರು.